ಕಾಲು ಕಿಲೋವಾಟ್ ಸಾಹೇಬರಿಗೊಂದು ಬಹಿರಂಗ ಪತ್ರ

ಇಂದ,
ಒಬ್ಬ ನಿವೃತ್ತ ವಿಜ್ಞಾನ ಮಾಸ್ತರ,
ತೆಂಗಳಿ, ಕಾಳಗಿ ತಾಲ್ಲೂಕು, ಕಲಬುರಗಿ ಜಿಲ್ಲೆ.

ಗೆ,
ಮಾನ್ಯ 0.25 ಕಿಲೋವಾಟ್ ಸಾಹೇಬರು,
ಕೇಂದ್ರ ಮೋಟಾರು ವಾಹನ ನಿಯಮಗಳು 1989, ನಿಯಮ 2 (ಯು).

ವಿಷಯ: ತಾವು ಒಂದೇ ಒಂದು ವಾಟ್ ಬಡ್ತಿ ಪಡೆಯಬೇಕೆಂದು ಕೋರಿಕೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ಹೋದ ದೀಪಾವಳಿಯಿಂದ ತಾವು ನಮ್ಮ ಮನೆಯಲ್ಲೇ ವಾಸವಾಗಿದ್ದೀರಿ. ಮಗಳಿಗೆ ಎಂಟನೇ ಕ್ಲಾಸಿನಲ್ಲಿ ಸರ್ಕಾರ ಕೊಟ್ಟ ಸೈಕಲ್ಲಿನ ಹಿಂದಿನ ಗಾಲಿಯೊಳಗೆ ಮೋಟಾರಿನ ರೂಪದಲ್ಲಿ ಕೂತು, ಮೂರು ದಪ್ಪ ವೈರು, ಐದು ಸಣ್ಣ ವೈರುಗಳನ್ನು ಬಾಲದಂತೆ ಹೊರಗೆ ಬಿಟ್ಟಿದ್ದೀರಿ. ಇದು ಕಾನೂನಿಗೆ ಗೊತ್ತಾಗುವ ಮೊದಲು ನಾನೇ ಬಾಯಿಬಿಡುವುದು ಒಳ್ಳೆಯದೆಂದು ಈ ಪತ್ರ.

ಸೈಕಲ್ಲಿನ ಪೂರ್ವಾಪರ ಮೊದಲು ಹೇಳಿಬಿಡುತ್ತೇನೆ. ನಮ್ಮ ರಾಜ್ಯದಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಹಂಚುವ ಯೋಜನೆ 2006-07ರಲ್ಲಿ ಶುರುವಾಯಿತು. ಹುಡುಗಿಯರು ಸಾಲಾಗಿ ಸೈಕಲ್ ತುಳಿದು ಶಾಲೆಗೆ ಬರುವುದನ್ನು ನೋಡಿ ನಾವು ಮಾಸ್ತರರು ಹಿಗ್ಗಿದ್ದೆವು. ಆಮೇಲೆ ಹುಡುಗಿಯರು ಬೆಳೆದರು, ಕಾಲೇಜಿಗೆ ಹೋದರು, ಲಗ್ನವಾಗಿ ಹೋದರು. ಸೈಕಲ್ಲುಗಳು ಮಾತ್ರ ತವರಲ್ಲೇ ಉಳಿದವು. ನಮ್ಮ ಮನೆಯದು ದನದ ಕೊಟ್ಟಿಗೆಯಲ್ಲಿ, ತೊಗರಿ ಹೊಟ್ಟಿನ ಚೀಲಗಳ ಹಿಂದೆ, ಹ್ಯಾಂಡಲ್ಲಿಗೆ ಕೋಳಿ ಕೂರಿಸಿಕೊಂಡು ನಿಂತಿತ್ತು. ನಿವೃತ್ತನಾದ ಮೇಲೆ ನನ್ನ ಸ್ಥಿತಿಯೂ ಹೆಚ್ಚುಕಡಿಮೆ ಅದೇ ಆಗಿದ್ದರಿಂದ ಇಬ್ಬರಿಗೂ ಸಲಿಗೆ ಬೆಳೆಯಿತು.

ಕನ್ನಡ ತಮಗೆ ಒಳ್ಳೆಯ ಹೆಸರಿಟ್ಟಿದೆ, ಸಾಹೇಬರೇ. ಕಿಲೋವಾಟಿನ ನಾಲ್ಕನೇ ಒಂದು ಪಾಲು, ಅಂದರೆ ಕಾಲು. ನನಗೂ ಎರಡು ಕಾಲಿವೆ. ಗಣಿತದ ಪ್ರಕಾರ ಸೇರಿ ಅರ್ಧ ಆಗಬೇಕು. ಆದರೆ ಸಾಧಾರಣ ಮನುಷ್ಯ ಬಹಳ ಹೊತ್ತು ತುಳಿದರೆ ಕೊಡಬಲ್ಲದ್ದು 75ರಿಂದ 100 ವಾಟ್ ಅಷ್ಟೆ. ಅರವತ್ತು ದಾಟಿ ಮೊಣಕಾಲು ಹಿಡಿದವನ ಲೆಕ್ಕ ಇನ್ನೂ ಕೆಳಗೆ. 746 ವಾಟಿಗೆ ಒಂದು ಕುದುರೆ ಎಂದರೆ ತಾವು ಕುದುರೆಯ ಮೂರನೇ ಒಂದು ಪಾಲು, ಮಾಸ್ತರನ ಮೂರರಷ್ಟಕ್ಕೂ ಹೆಚ್ಚು. ಇಂಥ ದೊಡ್ಡವರು ನಮ್ಮ ಕೊಟ್ಟಿಗೆಗೆ ಬರುತ್ತೀರೆಂದರೆ ಯಾರು ಬೇಡ ಅಂತಾರೆ?

ಇನ್ನು ಕಾನೂನಿನ ಮಾತು. ತಮ್ಮ ನಿಯಮವನ್ನು ನಾನು ಪರೀಕ್ಷೆಗೆ ಓದಿದಂತೆ ಓದಿದ್ದೇನೆ. ಬ್ಯಾಟರಿ ಗಾಡಿಯ ಮೋಟಾರು ಅರ್ಧ ಗಂಟೆ ಎಡೆಬಿಡದೆ ಕೊಡುವ ಶಕ್ತಿ 0.25 ಕಿಲೋವಾಟಿಗಿಂತ ಕಡಿಮೆ ಇರಬೇಕು, ವೇಗ ಗಂಟೆಗೆ 25 ಕಿಲೋಮೀಟರಿನೊಳಗಿರಬೇಕು. ಹಾಗಿದ್ದರೆ ಅದು ಮೋಟಾರು ವಾಹನವೇ ಅಲ್ಲ. ಲೈಸೆನ್ಸ್ ಇಲ್ಲ, ನಂಬರ್ ಪ್ಲೇಟ್ ಇಲ್ಲ, ವಿಮೆಯೂ ಇಲ್ಲ. ಇಲ್ಲಿಯವರೆಗೆ ಓದಿ ನಾನು ಚಹಾ ತರಿಸಿಕೊಂಡೆ. ಆಮೇಲೆ ‘ಕಡಿಮೆ’ ಎಂಬ ಪದದ ಮೇಲೆ ಕಣ್ಣು ಬಿತ್ತು. ಅಂಗಡಿಯವರು ಮಾರುವ ಮೋಟಾರಿನ ಮೈಮೇಲೆ ಅಚ್ಚಾಗಿರುವುದು 250 ವಾಟ್. 250 ಎಂಬುದು 250ಕ್ಕಿಂತ ಕಡಿಮೆಯಲ್ಲ; ಇದನ್ನು ನಾನೇ ಎಷ್ಟೋ ಮಕ್ಕಳಿಗೆ ಕಲಿಸಿದ್ದೇನೆ. ಒಂದು ವಾಟಿನಲ್ಲಿ ನಾನು ಫೇಲು.

ಅದೇ ಪೆಟ್ರೋಲಿನವರ ಅದೃಷ್ಟ ನೋಡಿ. 1988ರ ಕಾಯ್ದೆಯ 2(28)ನೇ ಕಲಮಿನ ಪ್ರಕಾರ ನಾಲ್ಕಕ್ಕಿಂತ ಕಡಿಮೆ ಗಾಲಿಯ ಗಾಡಿಯ ಎಂಜಿನ್ 25 ಸಿಸಿ ‘ಮೀರದಿದ್ದರೆ’ ಅದು ಮೋಟಾರು ವಾಹನವಲ್ಲ. ಅಂದರೆ ಸರಿಯಾಗಿ 25 ಇದ್ದರೂ ನಡೆಯುತ್ತದೆ. ಹೊಗೆ ಬಿಡುವವನಿಗೆ ‘ಮೀರದಂತೆ’, ಹೊಗೆ ಬಿಡದವನಿಗೆ ‘ಕಡಿಮೆ’. ವ್ಯಾಕರಣದಲ್ಲಿ ಇಷ್ಟು ಶಕ್ತಿ ಇದೆಯೆಂದು ಗೊತ್ತಿದ್ದರೆ ನಾನು ವಿಜ್ಞಾನ ಬಿಟ್ಟು ಕನ್ನಡ ಪಂಡಿತನಾಗುತ್ತಿದ್ದೆ.

ಇನ್ನೂ ಒಂದು ಮಾತಿದೆ. ಈ ಗಾಡಿ ಮೋಟಾರು ವಾಹನವಲ್ಲವೆಂದು ನಾನು ಹೇಳಿದರೆ ಸಾಲದು. 126ನೇ ನಿಯಮದಲ್ಲಿ ಹೆಸರಿಸಿದ ಪರೀಕ್ಷಾ ಸಂಸ್ಥೆಯೊಂದು ಹೇಳಬೇಕು. ಪುಣೆಯ ಆಟೋಮೋಟಿವ್ ರಿಸರ್ಚ್ ಅಸೋಸಿಯೇಷನ್ ಅಂಥದ್ದೊಂದು. ವಾಡಿ ಜಂಕ್ಷನ್ನಿನಿಂದ ಪುಣೆಗೆ ರೈಲು ಉಂಟು. ಕಲಬುರಗಿ, ಸೊಲ್ಲಾಪುರ ಹಾಯ್ದು ಸುಮಾರು 400 ಕಿಲೋಮೀಟರು. ಇದು ಸೈಕಲ್ಲೇ ಹೊರತು ವಾಹನವಲ್ಲ ಎಂದು ಸಾಬೀತುಪಡಿಸಲು ಸೈಕಲ್ಲನ್ನು ರೈಲಿನ ಲಗೇಜು ಡಬ್ಬಿಗೆ ಹಾಕಿ ಪುಣೆಗೆ ಹೋಗಿ ಬರುವ ಯೋಚನೆ ಮಾಡಿದೆ. ನನ್ನನ್ನು ಯಾವ ಸಂಸ್ಥೆಯಲ್ಲಿ ಪರೀಕ್ಷೆ ಮಾಡಿಸಬೇಕೆಂದು ನಮ್ಮ ಮನೆಯವರು ಯೋಚನೆ ಮಾಡಿದರು.

ಈಗ ತಪ್ಪೊಪ್ಪಿಗೆ. ಮೋಟಾರು, ಕಂಟ್ರೋಲರು, ಎಕ್ಸಲರೇಟರಿನ ಹಿಡಿ ಪಾರ್ಸಲ್ಲಿನಲ್ಲಿ ಬಂದವು. ಬ್ಯಾಟರಿಗೆ ದುಡ್ಡು ಸಾಲಲಿಲ್ಲ. ನಮ್ಮೂರಲ್ಲಿ ತೊಗರಿಗೆ ಎಣ್ಣೆ ಹೊಡೆಯುವ ಬೆನ್ನಿನ ಪಂಪಿನೊಳಗೆ 12 ವೋಲ್ಟಿನ, 8 ಆಂಪಿಯರ್-ಅವರಿನ ಬ್ಯಾಟರಿ ಇರುತ್ತದೆ. ನಮ್ಮದೊಂದು, ನಮ್ಮ ಅಣ್ಣನದೊಂದು, ಓಣಿಯ ಇನ್ನೊಂದು ಮನೆಯದೊಂದು. ಮೂರನ್ನೂ ಬಾಲಕ್ಕೆ ಬಾಲ ಕಟ್ಟಿದರೆ 36 ವೋಲ್ಟ್. ಕಾಗದದ ಮೇಲೆ 288 ವಾಟ್-ಅವರ್. ಒಮ್ಮೆ ತುಂಬಲು ಅರ್ಧ ಯೂನಿಟ್ ಕರೆಂಟೂ ಬೇಡ. 2019ರಲ್ಲಿ ಜಿಐ ಟ್ಯಾಗ್ ಪಡೆದ ಕಲಬುರಗಿ ತೊಗರಿಗೆ ನಾನು ಬ್ಯಾಟರಿ ತೆಗೆದ ವಾರವೇ ಕಾಯಿಕೊರಕ ಬೀಳುತ್ತದೆಂದು ನನಗೇನು ಗೊತ್ತಿತ್ತು? ಬೆಳಗ್ಗೆ ಅಣ್ಣ ಬಾಗಿಲಿಗೆ ಬಂದು ನಿಂತ.

“ತಮ್ಮಾ, ತೊಗರಿಗಿ ಕೀಡಿ ಬಿದ್ದಾವ. ಪಂಪಿನ ಬ್ಯಾಟ್ರಿ ಎಲ್ಲದ?”

“ಸೈಕಲ್ಲಿನಾಗ ಅದ ಅಣ್ಣಾ.”

“ಹಂಗಾದ್ರ ನಿನ್ನ ಸೈಕಲ್ಲೇ ಹೊಲದಾಗ ಅಡ್ಡಾಡಿಸು. ಅದರ ಸಪ್ಪಳಕ್ಕ ಕೀಡಿ ಸಾಯ್ತಾವು.”

ಆವತ್ತೇ ಮೂರು ಬ್ಯಾಟರಿ ಕೊಂಡು ತಂದೆ. ಪತ್ರದಲ್ಲಿ ಖರ್ಚಿನ ವಿವರ ಬೇಡ. ಎಲ್ಲ ಕೂಡಿಸಿದರೆ ಚೆನ್ನಾಗಿರುವ ಹಳೆಯ ಮೊಪೆಡ್ಡೊಂದು ಬರುತ್ತಿತ್ತೆಂದು ಮಾತ್ರ ಹೇಳಬಲ್ಲೆ. 1972ರಲ್ಲಿ ಲೂನಾ ಬಂತು, 1980ರಲ್ಲಿ ಟಿವಿಎಸ್ 50 ಬಂತು. ಪೆಡಲಿನ ಜೊತೆ ಎಂಜಿನ್ ಕೂಡಿಸುವ ಕೆಲಸವನ್ನು ತಿಳಿದವರು ನನಗಿಂತ ಎಷ್ಟೋ ಮೊದಲೇ ಮಾಡಿ ಮುಗಿಸಿದ್ದಾರೆ. ನಮ್ಮ ಮನೆಯವರ ವಾದ ಇನ್ನೂ ಗಟ್ಟಿ: “2023ರಿಂದ ನಮಗ ಹೆಣ್ಣುಮಕ್ಕಳಿಗಿ ಬಸ್ ಪುಕ್ಕಟೆ ಅದ. ನಿಮ್ಮ ಸೈಕಲ್ಲಿಗಿ ಎಷ್ಟು ಖರ್ಚಾಗ್ಯಾದ, ಹೇಳ್ರಿ ನೋಡಮು.” ನಾನು ಹೇಳಲಿಲ್ಲ.

ಜೋಡಣೆ ನಡೆದದ್ದು ಅಂಗಳದ ಶಹಾಬಾದಿ ಫರ್ಸಿಯ ಮೇಲೆ. ಫರ್ಸಿ ನಡೆಯಲು, ಕೂರಲು, ಮಲಗಲು ತಂಪು. ಮೆಕ್ಯಾನಿಕ್ ಕೆಲಸಕ್ಕೆ ಮಾತ್ರ ಶತ್ರು. ಬಿದ್ದ ನಟ್ಟು ಎರಡು ಕಲ್ಲಿನ ಸಂದಿ ಹುಡುಕಿಕೊಂಡೇ ಹೋಗುತ್ತದೆ. ಕಿವಿಯ ಕಡ್ಡಿಗೆ ಅಯಸ್ಕಾಂತ ಕಟ್ಟಿ ಒಂದೊಂದಾಗಿ ಎತ್ತಿದೆ. ಆಮೇಲೆ ವೈರು. ಹಳದಿ, ಹಸಿರು, ನೀಲಿ ಮೂರು ದಪ್ಪ ವೈರುಗಳನ್ನು ಕಂಟ್ರೋಲರಿನ ಮೂರಕ್ಕೆ ಆರು ಬಗೆಯಲ್ಲಿ ಕೂಡಿಸಬಹುದು, ಸರಿಯಾದದ್ದು ಒಂದೇ. ಬಣ್ಣಕ್ಕೆ ಬಣ್ಣ ಸೇರಿಸಿದರೆ ಮುಗಿಯಿತು ಅಂದುಕೊಂಡಿದ್ದೆ. ಎರಡು ಕಂಪನಿಗಳ ಹಳದಿ ಒಂದೇ ಹಳದಿಯಲ್ಲ ಎಂದು ಅಂದು ಕಲಿತೆ. ಮೊದಲ ಬಾರಿ ಗಾಲಿ ಚಳಿಜ್ವರ ಬಂದಂತೆ ನಡುಗಿತು. ಎರಡು ವೈರು ಅದಲುಬದಲು ಮಾಡಿದೆ. ಗರ್ರೆಂದು ತಿರುಗಿತು, ಆದರೆ ಹಿಂದಕ್ಕೆ. ಕಟ್ಟೆಯ ಮೇಲೆ ಕೂತಿದ್ದ ಮುತ್ಯಾ ಒಬ್ಬರು ತಂಬಾಕು ತಿಕ್ಕುತ್ತ ಅಂದರು: “ಮಾಸ್ತರ, ನಿಮ್ಮ ಗಾಡಿ ಮಳಖೇಡಕ್ಕ ಹೊಂಟದ, ಆದ್ರ ಈಗಿನ ಮಳಖೇಡಕ್ಕಲ್ಲ. ರಾಷ್ಟ್ರಕೂಟರ ಕಾಲದ್ದಕ್ಕ.”

ನಾಲ್ಕನೇ ಸಲ ಗಾಲಿ ಮುಂದಕ್ಕೆ ತಿರುಗಿತು. ನಡುಕವಿಲ್ಲ, ಗರ್ರೆನ್ನುವುದಿಲ್ಲ, ದುಂಬಿ ಹೋದಷ್ಟೇ ಸದ್ದು. ಸಾಹೇಬರೇ, ತಾವು ಎಷ್ಟೋ ಗಾಲಿ ತಿರುಗಿಸಿರಬಹುದು. ಅದನ್ನು ನೋಡುತ್ತ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತವನ ಮುಖವನ್ನು ತಾವು ನೋಡಿರಲಾರಿರಿ.

ಇಂಥ ಮರುಳು ನನ್ನೊಬ್ಬನದೇ ಅಲ್ಲವೆಂಬುದಕ್ಕೆ ಸಾಕ್ಷಿ ಕೊಡುತ್ತೇನೆ. 1946ರಲ್ಲಿ, ಯುದ್ಧದಲ್ಲಿ ಸೋತ ಜಪಾನಿನ ಹಮಾಮಾತ್ಸು ಊರಲ್ಲಿ ಸೊಯಿಚಿರೋ ಹೋಂಡಾ ಎಂಬವರು ಸೈನ್ಯದ ವೈರ್‌ಲೆಸ್ ಸೆಟ್ಟಿಗೆ ಕರೆಂಟು ಕೊಡುತ್ತಿದ್ದ ಪುಟ್ಟ ಎಂಜಿನ್ನನ್ನು ಸೈಕಲ್ಲಿಗೆ ಕೂಡಿಸಿದರು. ಪೆಟ್ರೋಲ್ ಟ್ಯಾಂಕಿಗೆ ಮನೆಯಲ್ಲಿದ್ದ ಬಿಸಿನೀರಿನ ಶಾಖದ ಡಬ್ಬಿ. ಹೆಂಡತಿ ಸಾಚಿ ಅದನ್ನು ಊರಲ್ಲಿ ಓಡಿಸಿ ತೋರಿಸಿದರು. ಆಮೇಲಿನ ಹೋಂಡಾ ಕಂಪನಿಯ ಕಥೆ ಎಲ್ಲರಿಗೂ ಗೊತ್ತು. ಈ ಕಥೆಯನ್ನು ಮನೆಯಲ್ಲಿ ಭಾವಪೂರ್ಣವಾಗಿ ಹೇಳಿದೆ. “ಆ ತಾಯಿ ಓಡಿಸ್ಯಾಳ, ಖರೆ. ಆಕಿಗಿ ಪುಕ್ಕಟೆ ಬಸ್ ಇದ್ದಿಲ್ಲ” ಎಂಬ ಉತ್ತರ ಬಂತು. ನಮ್ಮ ಕಡೆಯ ಉದಾಹರಣೆಯೂ ಇದೆ. ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರು ಬೆಳಗ್ಗೆ ಏಳಲು ಆಗುತ್ತಿಲ್ಲವೆಂದು ಮುಖಕ್ಕೆ ನೀರು ಸುರಿಯುವ ಅಲಾರಂ ಮಾಡಿಕೊಂಡವರು. ಮುಂದೆ ಹುಣಸೆ ಬೀಜ ತೆಗೆಯುವ ಯಂತ್ರದಿಂದ ಹಿಡಿದು ಬಿತ್ತುವ ಕೂರಿಗೆಯವರೆಗೆ ಮಾಡಿ 2022ರಲ್ಲಿ ಪದ್ಮಶ್ರೀ ಪಡೆದರು. ನನಗೆ ಪದ್ಮಶ್ರೀ ಬೇಡ. ಒಂದು ವಾಟ್ ಸಾಕು.

ಹಾಗಾದರೆ ಯಾಕೆ ಮಾಡಿದಿ ಎಂದು ಕೇಳುತ್ತೀರಿ. ದುಡ್ಡು ಉಳಿಯಲಿಲ್ಲ. ವೇಗವೂ ಬರಲಿಲ್ಲ, 25 ದಾಟಿದರೆ ಸರ್ಕಾರಿ ಸೈಕಲ್ಲಿನ ಬ್ರೇಕಿನ ರಬ್ಬರು ದೇವರ ಹೆಸರು ಹೇಳುತ್ತದೆ. ಉತ್ತರ ಸಿಕ್ಕಿದ್ದು ಒಂದು ಮಧ್ಯಾಹ್ನ, ಸುಟ್ಟ ವಾಸನೆಯಲ್ಲಿ. ಬ್ಯಾಟರಿಯಿಂದ ಕಂಟ್ರೋಲರಿಗೆ ಮನೆಯಲ್ಲಿದ್ದ ತೆಳ್ಳನೆಯ ವೈರು ಹಾಕಿದ್ದೆ. ಏರಿನಲ್ಲಿ ಅದು ಕಾದು ಮೆತ್ತಗಾಗಿ ಬೆರಳಿಗೆ ಅಂಟಿತು. ಜೌಲನ ನಿಯಮವನ್ನು ಮೂವತ್ತು ವರ್ಷ ಕರಿಹಲಗೆಯ ಮೇಲೆ ಬರೆದಿದ್ದೇನೆ. ಅದು ಮೊದಲ ಬಾರಿ ನನ್ನ ಬೆರಳಿಗೆ ತಾಗಿದ್ದು ಆವತ್ತು. ಬೊಬ್ಬೆ ಎದ್ದ ಬೆರಳನ್ನು ಬಾಯಲ್ಲಿಟ್ಟುಕೊಂಡು ನಾನು ನಗುತ್ತಿದ್ದೆ.

ನೋಡಿ, ನಮ್ಮ ಸುತ್ತ ಕೆಡುವ ವಸ್ತುಗಳಿಗೇನೂ ಬರವಿಲ್ಲ. ಮೊಬೈಲ್ ಕೆಡುತ್ತದೆ, ಬಿಚ್ಚಿದರೆ ವಾರಂಟಿ ಹೋಗುತ್ತದೆ. ಕರೆಂಟು ಹೋಗುತ್ತದೆ, ಯಾಕೆಂದು ಕೇಳಿದರೆ ಮೇಲಿಂದ ಅನ್ನುತ್ತಾರೆ. ತೊಗರಿಯ ದರ ಬೀಳುತ್ತದೆ; ಅದನ್ನೂ ಮೇಲಿಂದ ಅನ್ನುತ್ತಾರೆ. ಆ ‘ಮೇಲು’ ಎಲ್ಲಿದೆಯೆಂದು ಈ ವಯಸ್ಸಿನವರೆಗೂ ನನಗೆ ತಿಳಿದಿಲ್ಲ. ಕೆಟ್ಟರೆ ಯಾಕೆ ಕೆಟ್ಟಿತೆಂದು ನನಗೆ ಗೊತ್ತಾಗುವ ವಸ್ತು ನಮ್ಮ ಮನೆಯಲ್ಲಿ ಇದೊಂದೇ. ಅದು ನಿಂತುಹೋದರೆ ತಪ್ಪು ನನ್ನದೇ. ನನ್ನದೇ ತಪ್ಪಾದರೆ ತಿದ್ದುವ ಅಧಿಕಾರವೂ ನನ್ನದೇ. ಹುಟ್ಟುವಾಗಲೇ ವಾರಂಟಿ ಇಲ್ಲದ ಗಾಡಿಯಾದ್ದರಿಂದ ಯಾರ ಅಪ್ಪಣೆಯೂ ಬೇಕಿಲ್ಲ.

ಕೊನೆಯದಾಗಿ ಹೋದ ವಾರದ ಘಟನೆ. ಕಾಳಗಿಯ ರಸ್ತೆಯಲ್ಲಿ, ಎದುರುಗಾಳಿಯಲ್ಲಿ ತಮ್ಮ ಪೂರ್ಣಶಕ್ತಿಯನ್ನು ಕರೆದೆ. ತಮ್ಮ ನಿಯಮ ಹೇಳುವ ಅರ್ಧ ಗಂಟೆ ತುಂಬುವ ಮೊದಲೇ ಹಿಂದಿನ ಗಾಲಿಯಲ್ಲಿ ‘ಟಕ್’ ಎಂದಿತು. ಎಕ್ಸಲಿನ ನಟ್ಟು ಸಡಿಲಾಗಿ, ಗಾಲಿಯ ಬದಲು ಎಕ್ಸಲ್ಲೇ ತಿರುಗಿ, ಎಂಟೂ ವೈರುಗಳನ್ನು ಜಡೆಯಂತೆ ಹೆಣೆದಿತ್ತು. ತಾವು ಸೊನ್ನೆಯಾದಿರಿ. ಸೊನ್ನೆ ಎಂಬುದು 0.25ಕ್ಕಿಂತ ನಿಸ್ಸಂಶಯವಾಗಿ ಕಡಿಮೆ. ದೀಪಾವಳಿಯಿಂದ ಈಚೆಗೆ ನಾನು ಪೂರ್ತಿ ಕಾನೂನುಬದ್ಧನಾಗಿದ್ದುದು ಅದೊಂದೇ ಸಂಜೆ.

ನೂಕಿಕೊಂಡು ಬರುವಾಗ ಶಾಲೆ ಬಿಟ್ಟು ಬರುತ್ತಿದ್ದ ಹುಡುಗರು ಮುತ್ತಿದರು. “ಸರ, ಯಾಕ ಬಂದಾತ್ರಿ?” ರಸ್ತೆ ಬದಿಗೆ ಸೈಕಲ್ ಮಲಗಿಸಿ ತೋರಿಸಿದೆ. ಮೋಟಾರು ಗಾಲಿಯನ್ನು ಮುಂದಕ್ಕೆ ನೂಕಿದರೆ ಎಕ್ಸಲ್ಲು ಅಷ್ಟೇ ಬಲದಿಂದ ಹಿಂದಕ್ಕೆ ತಿರುಗಲು ನೋಡುತ್ತದೆ, ಅದನ್ನು ಹಿಡಿದಿಡಲು ಒಂದು ಕಬ್ಬಿಣದ ಪಟ್ಟಿ ಬೇಕಿತ್ತು, ನಾನು ಹಾಕಿರಲಿಲ್ಲ. ನ್ಯೂಟನ್ನನ ಮೂರನೇ ನಿಯಮವನ್ನು ಇಷ್ಟು ನಿಶ್ಶಬ್ದವಾಗಿ ಯಾವ ಕ್ಲಾಸೂ ಕೇಳಿರಲಿಲ್ಲ. ಗುಂಪಿನ ಹಿಂದಿದ್ದ ಒಬ್ಬ ಹುಡುಗ ಎಲ್ಲರೂ ಹೋದ ಮೇಲೂ ಉಳಿದ. ವೈರಿನ ಜಡೆಯನ್ನು ಬಿಡಿಸುತ್ತ, ನನ್ನ ಮುಖ ನೋಡದೆ ಕೇಳಿದ:

“ಸರ, ನಮ್ಮ ಅಕ್ಕನ ಸೈಕಲ್ ಮನ್ಯಾಗ ಸುಮ್ನೆ ಬಿದ್ದದ. ಪಟ್ಟಿ ಎಷ್ಟು ದಪ್ಪ ಇರ್ಬೇಕ್ರಿ?”

ನಾನು ಬೆರಳಲ್ಲಿ ಅಳತೆ ತೋರಿಸಿದ್ದೇನೆ. ಆದಕಾರಣ ಈ ಭಾಗದಲ್ಲಿ ಇನ್ನೊಂದು 250 ವಾಟ್ ಸದ್ಯದಲ್ಲೇ ಉದ್ಭವಿಸುವ ಲಕ್ಷಣಗಳಿದ್ದು, ಬಡ್ತಿಯ ವಿಷಯವನ್ನು ತಾವು ಜರೂರಾಗಿ ಪರಿಗಣಿಸಬೇಕೆಂದು ಪ್ರಾರ್ಥಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಂದು ವಾಟಿನ ಅಪರಾಧಿ