ಶಾಮಣ್ಣನವರ ಅನಾಮತ್ತು ಖಾತೆ

ಆಡಿಟರ್ ಶಾಮಣ್ಣನವರು ತೂಕ ನೋಡಿಕೊಳ್ಳುವ ಮುಂಚೆ ಉಂಗುರ ತೆಗೆದಿಡುತ್ತಾರೆ, ವಾಚು ಬಿಚ್ಚಿಡುತ್ತಾರೆ, ಕನ್ನಡಕವನ್ನೂ ತೆಗೆಯುತ್ತಾರೆ. ಜನಿವಾರಕ್ಕೆ ಮಾತ್ರ ವಿನಾಯಿತಿ. ಕನ್ನಡಕವಿಲ್ಲದೆ ಯಂತ್ರದ ಅಂಕಿ ಕಾಣುವುದಿಲ್ಲವಾದ್ದರಿಂದ ಸರೋಜಮ್ಮನವರು ಒಲೆಯ ಮೇಲಿನ ಹಾಲನ್ನು ಬಿಟ್ಟು ಓಡಿಬಂದು ಬಗ್ಗಿ ಓದಬೇಕು. "ಎಂಬತ್ನಾಲ್ಕೂವರೆ ರೀ." "ಸರಿಯಾಗಿ ನೋಡೇ." ಕೆಳಗಿಳಿದು, ನೆಲ ಸಮ ಇಲ್ಲವೆಂದು ಗೊಣಗಿ, ಯಂತ್ರವನ್ನು ಒಂದು ಮೊಳ ಆಚೆ ಸರಿಸಿ ಮತ್ತೆ ಹತ್ತುತ್ತಾರೆ. ಮೂರು ಜಾಗದಲ್ಲಿ ಮೂರು ಸಲ ತೂಗಿ, ಎಲ್ಲಕ್ಕಿಂತ ಕಡಿಮೆ ಬಂದದ್ದನ್ನು ಪುಸ್ತಕಕ್ಕೆ ಏರಿಸುತ್ತಾರೆ. ಅಷ್ಟರಲ್ಲಿ ಹಾಲು ಉಕ್ಕಿರುತ್ತದೆ.

ಇಂಥವರೊಬ್ಬರು ಇಲ್ಲದ ಬಡಾವಣೆ ಮೈಸೂರಿನಲ್ಲಿಲ್ಲ. ಬೇರೆ ಊರುಗಳಲ್ಲೂ ಇರಲಾರದು. ಗುರುತು ಹಿಡಿಯಲು ಕಷ್ಟವೇನಿಲ್ಲ. ಮದುವೆಮನೆಯ ಪಂಕ್ತಿಯಲ್ಲಿ ಬಡಿಸುವವನು ಬರುತ್ತಿದ್ದ ಹಾಗೇ ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು "ಬೇಡ, ಬೇಡ, ಬೇಡವೇ ಬೇಡ" ಎನ್ನುವರು. ಆದರೆ ಆ ಕೈಗಳ ನಡುವೆ ಒಂದು ಹೋಳಿಗೆ ಸಲೀಸಾಗಿ ಇಳಿಯುವಷ್ಟು ಸಂದಿ ಬಿಟ್ಟಿರುವರು. ಪಕ್ಕದಲ್ಲಿ ಕೂತವರಿಗೆ, ಕೇಳದಿದ್ದರೂ, ಒಂದು ಮಾತು ಹೇಳುವರು: "ನಾನು ಏನೂ ತಿನ್ನೋದೇ ಇಲ್ಲ ಸ್ವಾಮಿ. ನೀರು ಕುಡಿದರೂ ಮೈಗೆ ಹತ್ತುತ್ತೆ, ಏನ್ಮಾಡ್ತೀರಿ?"

ಶಾಮಣ್ಣನವರು ಈ ವ್ರತ ಹಿಡಿದದ್ದು ಯುಗಾದಿ ಕಳೆದ ಮೇಲೆ. ರಕ್ತಪರೀಕ್ಷೆ ನೋಡಿದ ಡಾಕ್ಟರು "ಸಕ್ಕರೆ ಗಡಿಯಲ್ಲಿದೆ, ಒಂದೈದಾರು ಕೆ.ಜಿ. ಇಳಿಸಿ" ಎಂದರು. ಇಳಿಸುವುದು ಹೇಗೆಂದು ಹೇಳಲು ಅವರು ಬಾಯಿ ತೆರೆಯುವಷ್ಟರಲ್ಲಿ ಇವರು ಎದ್ದು ಚಪ್ಪಲಿ ಮೆಟ್ಟಿಯಾಗಿತ್ತು. ಲೆಕ್ಕದ ವಿಷಯವನ್ನು ಆಡಿಟರಿಗೆ ಇನ್ನೊಬ್ಬರು ಹೇಳಿಕೊಡಬೇಕೆ?

ಕೂತು ಕೆಲಸ ಮಾಡುವ 65 ಕೆ.ಜಿ.ಯ ಗಂಡಸಿಗೆ ದಿನಕ್ಕೆ 2110 ಕ್ಯಾಲೊರಿ ಸಾಕು ಎಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಹೇಳಿದೆ. ಆ 2110 ಖರ್ಚಿನ ಕಡೆ ಕೂತಿತು. ಜಮಾ ಕಡೆ 800 ಮಾತ್ರ ಮಂಜೂರು. ಕೊರತೆ 1310. ಒಂದು ಕೆ.ಜಿ. ಕೊಬ್ಬು ಕರಗಲು 7700 ಬೇಕೆಂದು ಎಲ್ಲೋ ಓದಿದ್ದರು. ಹಾಗಾದರೆ ಆರು ದಿನಕ್ಕೊಂದು ಕೆ.ಜಿ., ಗೌರಿಹಬ್ಬದ ಹೊತ್ತಿಗೆ ಅರವತ್ತು ಚಿಲ್ಲರೆ. ಕೆಂಪು ಬಟ್ಟೆಯ ಬೈಂಡಿನ ಉದ್ದನೆ ಪುಸ್ತಕದಲ್ಲಿ ಪೂರ್ತಿ ಮುಂಗಡಪತ್ರ ತಯಾರಾಯಿತು. ಅದೇ ಲೆಕ್ಕವನ್ನು ಇನ್ನೊಂದಷ್ಟು ಮುಂದಕ್ಕೆ ಎಳೆದರೆ ಒಂದೂವರೆ ವರ್ಷ ತುಂಬುವ ಮೊದಲೇ ಶಾಮಣ್ಣನವರು ಸೊನ್ನೆ ಕೆ.ಜಿ.ಗೆ ಬಂದು ನಿಲ್ಲುತ್ತಿದ್ದರು. ಅವರಿಗೆ ಅದು ಹೊಳೆಯಲಿಲ್ಲ. ಮುಂಗಡಪತ್ರ ಬರೆಯುವವರಿಗೆ ಹೊಳೆಯಬೇಕಾದ ವಿಷಯವೂ ಅಲ್ಲ.

ಮೊದಲ ವಾರ ಎರಡೂವರೆ ಕೆ.ಜಿ. ಇಳಿಯಿತು. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬೆಳಿಗ್ಗೆ ನಡೆಯುವವರಲ್ಲಿ ಈ ಸುದ್ದಿ ಗೊತ್ತಾಗದವರು ಯಾರೂ ಉಳಿಯಲಿಲ್ಲ, ಪೆಲಿಕನ್‌ಗಳಿಗೂ ಗೊತ್ತಾಗಿರಬೇಕು. ಇಳಿದದ್ದರಲ್ಲಿ ಬಹುಪಾಲು ನೀರು ಎಂಬುದು ಮಾತ್ರ ಇವರಿಗೆ ಗೊತ್ತಿರಲಿಲ್ಲ. ಯಕೃತ್ತಿನಲ್ಲೂ ಸ್ನಾಯುಗಳಲ್ಲೂ ಸಕ್ಕರೆಯ ದಾಸ್ತಾನೊಂದು ಇರುತ್ತದೆ, ಅದರ ಪ್ರತಿ ಗ್ರಾಮು ಸುಮಾರು ಮೂರು ಗ್ರಾಂ ನೀರನ್ನು ಹಿಡಿದುಕೊಂಡಿರುತ್ತದೆ. ಅನ್ನ ನಿಲ್ಲಿಸಿದರೆ ಮೊದಲು ಆ ದಾಸ್ತಾನು ಖಾಲಿ, ಅದರ ಹಿಂದೆಯೇ ನೀರೂ ಹೊರಗೆ.

ಎರಡನೆಯ ವಾರದಿಂದ ಅಂಕಿ ನಿಂತಲ್ಲೇ ನಿಂತಿತು. ಮೂರನೆಯ ವಾರ ಅರ್ಧ ಕೆ.ಜಿ. ಮೇಲೇ ಹೋಯಿತು. ಯಂತ್ರದ ಸೆಲ್ ಬದಲಾಯಿಸಿದ್ದಾಯಿತು. ದಿನಸಿ ಅಂಗಡಿಗೆ ಹೋಗಿ ಅಕ್ಕಿಮೂಟೆ ತೂಗುವ ಕಾಟಾದ ಮೇಲೆ ನಿಂತು ನೋಡಿದ್ದೂ ಆಯಿತು. ಕಾಟಾ ಇನ್ನೂ ಮುನ್ನೂರು ಗ್ರಾಂ ಹೆಚ್ಚಿಗೆ ತೋರಿಸಿದಾಗ, ಇಷ್ಟು ವರ್ಷ ಆ ಅಂಗಡಿಯವನು ತಮಗೆ ಅಕ್ಕಿ ಕೊಟ್ಟ ಬಗೆಯ ಮೇಲೂ ಅನುಮಾನ ಬಂತು.

ಈ ದಿನಗಳಲ್ಲಿ ಮನೆಯೊಳಗೆ ಆದ ಬದಲಾವಣೆಗಳನ್ನು ಗಮನಿಸಿದವರು ಸರೋಜಮ್ಮ ಒಬ್ಬರೇ. ಶಾಮಣ್ಣನವರಿಗೆ ಚಿಕ್ಕಂದಿನಿಂದ ಕೂತಲ್ಲಿ ಕಾಲು ಅಲ್ಲಾಡಿಸುವ ಚಾಳಿ. "ಕಾಲು ಕುಣಿಸಬೇಡ, ದರಿದ್ರ ಬರುತ್ತೆ" ಎಂದು ಅವರ ಅಜ್ಜಿ ಬೈದರು, ಅಮ್ಮ ಬೈದರು, ಮದುವೆಯಾದ ಮೇಲೆ ಆ ಕೆಲಸ ಸರೋಜಮ್ಮನವರಿಗೆ ಬಂತು. ಯಾರಿಗೂ ಜಗ್ಗದ ಆ ಕಾಲು ವ್ರತ ಹಿಡಿದ ಎರಡೇ ವಾರಕ್ಕೆ ತಾನಾಗಿ ನಿಂತಿತು. ಮಹಡಿಯ ಮೇಲಿನ ಆಫೀಸು ಕೋಣೆ ದೇವರ ಮನೆಯ ಪಕ್ಕಕ್ಕೆ ಇಳಿದು ಬಂತು. ಬೀದಿಯ ಕೊನೆಯ ಹಾಲಿನ ಬೂತಿಗೆ ಸ್ಕೂಟರು ಹೊರಟಿತು. ಕೆರೆಯ ಏರಿಯ ಮೇಲೆ ಎರಡು ಸುತ್ತು ಇದ್ದದ್ದು ಒಂದಾಗಿ, ಆ ಒಂದರಲ್ಲೂ ಕಲ್ಲುಬೆಂಚಿನ ಪಾಲು ಹೆಚ್ಚಾಯಿತು. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ, ಊರೆಲ್ಲ ಫ್ಯಾನಿನ ಕೆಳಗೆ ಉಸ್ಸೆನ್ನುತ್ತಿರುವಾಗ, ಇವರು ಸ್ವೆಟರ್ ಹಾಕಿ ಕಿವಿ ಮುಚ್ಚುವ ಹಾಗೆ ಮಫ್ಲರ್ ಸುತ್ತಿಕೊಂಡರು. ರಾತ್ರಿ ಮಲಗಿದಲ್ಲಿ ಮೊಬೈಲಿನ ಬೆಳಕು. ಯಾರೋ ಹೆಂಗಸು ಮದ್ದೂರು ವಡೆ ತಟ್ಟುತ್ತಿರುವ ವಿಡಿಯೊ. ಸದ್ದು ಪೂರ್ತಿ ಇಳಿಸಿ, ರೆಪ್ಪೆ ಮಿಟುಕಿಸದೆ ನೋಡುತ್ತಿದ್ದರು. ಗಂಡಸರು ಇಂಥ ವಯಸ್ಸಿನಲ್ಲಿ ಮುಚ್ಚಿಟ್ಟು ನೋಡುವುದು ಇದೊಂದೇ ಆದರೆ ಚಿಂತೆಯಿಲ್ಲ ಎಂದು ಸರೋಜಮ್ಮ ಆಚೆ ತಿರುಗಿ ಮಲಗಿದರು.

ಇನ್ನು ಪುಸ್ತಕ. ಅದರಲ್ಲಿ ಒಂದು ದಿನವೂ 800 ದಾಟಿಲ್ಲ. ಬರೆದದ್ದರಲ್ಲಿ ಸುಳ್ಳೂ ಇಲ್ಲ. ಬರೆಯಬೇಕಾದದ್ದು ಯಾವುದು ಎಂಬ ನಿಯಮಗಳನ್ನು ಮಾತ್ರ ಅವರೇ ಮಾಡಿಕೊಂಡಿದ್ದರು. ಗುರುವಾರ ಮಠದಲ್ಲಿ ಕೊಟ್ಟ ಹಯಗ್ರೀವ ಪ್ರಸಾದ. ಪ್ರಸಾದಕ್ಕೆ ಕ್ಯಾಲೊರಿ ಹಚ್ಚುವುದು ಪಾಪ. ಹುಳಿಗೆ ಉಪ್ಪು ಸಾಕೇ ಎಂದು ಸೌಟಿನಲ್ಲಿ ನೋಡುವುದು ಅಡುಗೆಯ ಭಾಗ, ಊಟದ್ದಲ್ಲ. ಮೊಮ್ಮಗ ತಟ್ಟೆಯಲ್ಲಿ ಬಿಟ್ಟ ಅರ್ಧ ದೋಸೆ ಈಗಾಗಲೇ ಅವನ ಲೆಕ್ಕಕ್ಕೆ ಬಿದ್ದಿದೆ, ಎರಡು ಸಲ ಬರೆದರೆ ದ್ವಿಗುಣ ನಮೂದಾಗುತ್ತದೆ. ಉಪ್ಪಿನಕಾಯಿ, ಚಟ್ನಿಪುಡಿ, ಹಪ್ಪಳ ಇವೆಲ್ಲ ಇತರೆ. ಚಟ್ನಿಪುಡಿಗೆ ಗುಂಡಿ ಮಾಡಿ ಹುಯ್ದುಕೊಂಡ ಎಣ್ಣೆಯೂ ಇತರೆಯೊಳಗೇ. ಒಂದು ದೊಡ್ಡ ಚಮಚ ಎಣ್ಣೆ ಎಂದರೆ ನೂರಿಪ್ಪತ್ತು ಕ್ಯಾಲೊರಿ. ಕಾಫಿ "ಅರ್ಧ ಲೋಟ" ಎಂದು ನಮೂದು. ಅರ್ಧ ಲೋಟದ ಕಾಫಿಯನ್ನು ದಿನಕ್ಕೆ ಐದು ಸಲ ಕುಡಿದರೂ ಅದು ಅರ್ಧ ಲೋಟದ ಕಾಫಿಯೇ.

ಮಗ ಮೊಬೈಲಿಗೆ ಹಾಕಿಕೊಟ್ಟ ಆ್ಯಪಿನಲ್ಲಿ ಮಸಾಲೆ ದೋಸೆ ಎಂದು ಹುಡುಕಿದರೆ 390 ಎಂದೊಂದು, 210 ಎಂದೊಂದು, 120 ಎಂದೊಂದು ಬರುತ್ತದೆ. ಇವರು 120ನ್ನು ಒತ್ತುತ್ತಾರೆ. "ಮೂರು ಕೊಟೇಶನ್ ತರಿಸಿ ಕಡಿಮೆ ದರದ್ದನ್ನು ಒಪ್ಪಿಕೊಳ್ಳಬೇಕು, ಅದು ಕ್ರಮ." ದೋಸೆಯ ಮೇಲೆ ಕರಗುತ್ತಿದ್ದ ಬೆಣ್ಣೆ ಕೊಟೇಶನ್ನಿನಲ್ಲಿ ಸೇರಿರಲಿಲ್ಲ.

ಎಲ್ಲಕ್ಕಿಂತ ಸೊಗಸಾದದ್ದು ನಡುರಾತ್ರಿಯ ನಿಯಮ. ಹಗಲೆಲ್ಲ ಹಸಿದವರಿಗೆ ರಾತ್ರಿ ಒಂದು ಗಂಟೆಗೆ ಎಚ್ಚರವಾಗುತ್ತದೆ. ಅಡುಗೆಮನೆಯಲ್ಲಿ ಕಾಂಗ್ರೆಸ್ ಕಡ್ಲೆಕಾಯಿಯ ಡಬ್ಬಿ ಇರುತ್ತದೆ. ಇಂಗ್ಲಿಷ್ ಕ್ಯಾಲೆಂಡರಿನ ಪ್ರಕಾರ ದಿನ ಹನ್ನೆರಡಕ್ಕೇ ಬದಲಾಗಿದೆ, ಆದ್ದರಿಂದ ಅದನ್ನು ನಿನ್ನೆಗೆ ಬರೆಯುವಂತಿಲ್ಲ. ಪಂಚಾಂಗದ ಪ್ರಕಾರ ದಿನ ಸೂರ್ಯೋದಯಕ್ಕೆ ಶುರು, ಆದ್ದರಿಂದ ನಾಳೆಗೂ ಬರೆಯುವಂತಿಲ್ಲ. ಹನ್ನೆರಡರಿಂದ ಆರರವರೆಗೆ ತಿಂದದ್ದು ಯಾವ ದಿನಕ್ಕೂ ಸೇರುವುದಿಲ್ಲ.

ಇಂಥ ಹೊತ್ತಿನಲ್ಲಿ ವಾಟ್ಸಾಪಿನಲ್ಲಿ ಆ ಸಂದೇಶ ಬಂತು: ತೀರಾ ಕಡಿಮೆ ತಿಂದರೆ ದೇಹ ಉಪವಾಸದ ಸ್ಥಿತಿಗೆ ಹೋಗಿ ಕೊಬ್ಬನ್ನು ಬಿಗಿಹಿಡಿಯುತ್ತದೆ, ತೂಕ ಇಳಿಯುವುದೇ ಇಲ್ಲ. ಶಾಮಣ್ಣನವರು ಎರಡು ಸಲ ಓದಿದರು, ಮಫ್ಲರ್ ಸಡಿಲಿಸಿದರು, "ಸರೋಜಾ, ತುಪ್ಪ ತಾ" ಎಂದರು. ತಾವು ತಿನ್ನದೇ ಇದ್ದದ್ದೇ ತಪ್ಪು! ಆ ಭಾನುವಾರ ಬಿಸಿಬೇಳೆಬಾತ್, ಮೇಲೆ ಬೂಂದಿ, ಕೊನೆಗೆ ನಂಜನಗೂಡು ರಸಬಾಳೆಯ ಸೀಕರಣೆ, ಎಲ್ಲವೂ ಚಿಕಿತ್ಸೆಯ ಹೆಸರಿನಲ್ಲಿ ಆಯಿತು.

ದುರದೃಷ್ಟ, ಆ ದಿನವೇ ತಮ್ಮನ ಮಗಳು ಊಟಕ್ಕೆ ಬಂದಿದ್ದಳು. ಮೆಡಿಕಲ್ ಕಾಲೇಜಿನಲ್ಲಿ ಶರೀರಕ್ರಿಯಾಶಾಸ್ತ್ರ ಪಾಠ ಮಾಡುವ ಹುಡುಗಿ. ಸಂದೇಶ ಓದಿ ನಕ್ಕಳು.

"ಇದರಲ್ಲಿ ಕಾಲುಭಾಗ ನಿಜ ದೊಡ್ಡಪ್ಪ. ಉಳಿದದ್ದು ನಿಜವಾಗಿದ್ದರೆ ಬರಗಾಲದಲ್ಲಿ ಯಾರೂ ಸೊರಗುತ್ತಿರಲಿಲ್ಲ."

ಶಾಮಣ್ಣನವರು ಸೀಕರಣೆಯ ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡರು, ಯಾರಾದರೂ ಎತ್ತಿಕೊಂಡು ಹೋದಾರೆಂದು.

ಅವಳು ಹೇಳಿದ್ದು ಅಮೆರಿಕದ ಮಿನೆಸೋಟಾದ ಕಥೆ. 1944ರ ಕೊನೆಯಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ, ಯುದ್ಧಕ್ಕೆ ಹೋಗಲು ಒಪ್ಪದ 36 ಮಂದಿ ತರುಣರನ್ನು ವಿಶ್ವವಿದ್ಯಾಲಯದ ಫುಟ್‌ಬಾಲ್ ಕ್ರೀಡಾಂಗಣದ ಕೆಳಗಿನ ಕೋಣೆಗಳಲ್ಲಿ ಇರಿಸಿಕೊಂಡು ಪ್ರಯೋಗ ಶುರುಮಾಡಿದ. 24 ವಾರ ಅವರಿಗೆ ಅರೆಹೊಟ್ಟೆ, ದಿನಕ್ಕೆ ಸುಮಾರು 1570 ಕ್ಯಾಲೊರಿ. ಮೇಲೆ ವಾರಕ್ಕೆ 35 ಕಿಲೋಮೀಟರ್ ನಡಿಗೆ. ಅವರ ತೂಕ ಹೆಚ್ಚುಕಡಿಮೆ ಕಾಲುಭಾಗ ಇಳಿಯಿತು. ಆದರೆ ಸುಮ್ಮನೆ ಮಲಗಿರುವಾಗ ದೇಹ ಮಾಡುವ ಖರ್ಚು ಶೇಕಡಾ 40ರಷ್ಟು ಕಡಿಮೆಯಾಯಿತು. ಸೊರಗಿದ ಮೈಗೆ ಕಡಿಮೆ ಸಾಕು ಎಂಬುದು ಒಂದು ಕಾರಣ, ದೇಹ ತಾನೇ ಕೈ ಬಿಗಿಮಾಡಿದ್ದು ಇನ್ನೊಂದು. ನಾಡಿ ನಿಧಾನವಾಯಿತು. ಬೇಸಿಗೆಯಲ್ಲೂ ಚಳಿ ಎಂದರು. ಕಣಕಾಲಿನಲ್ಲಿ ನೀರು ತುಂಬಿ ಬಾವು ಬಂತು. ಕೆಲವರಂತೂ ಅಡುಗೆಪುಸ್ತಕಗಳನ್ನು ಗುಡ್ಡೆಹಾಕಿಕೊಂಡು ಓದುತ್ತಿದ್ದರಂತೆ.

ಸರೋಜಮ್ಮ ಗಂಡನ ಕಡೆ ನೋಡಿದರು. "ಮದ್ದೂರು ವಡೆ" ಎಂದರು, ಅಷ್ಟೇ.

"ಅಂದರೆ ದೇಹ ಖರ್ಚು ಕಡಿತ ಮಾಡುತ್ತೆ ಅನ್ನು" ಎಂದರು ಶಾಮಣ್ಣ. ಅವರಿಗೆ ಗೊತ್ತಿರುವ ಭಾಷೆ ಈಗ ಕಿವಿಗೆ ಬೀಳುತ್ತಿತ್ತು.

"ನಿಮ್ಮನ್ನು ಕೇಳದೇ ಮಾಡುತ್ತೆ. ಕಾಲು ಅಲ್ಲಾಡಿಸೋದು, ಮೆಟ್ಟಿಲು ಹತ್ತೋದು, ಎದ್ದು ಹೋಗಿ ನೀರು ತಗೊಳ್ಳೋದು, ಮೊದಲ ಕತ್ತರಿ ಅದಕ್ಕೇ ಬೀಳೋದು. ಸಾಲದ್ದಕ್ಕೆ ಉಪ್ಪಿನಕಾಯಿ, ಹಪ್ಪಳದ ಉಪ್ಪಿಗೆ ನೀರು ಬೇರೆ ಮೈಯಲ್ಲಿ ನಿಲ್ಲುತ್ತೆ. ಕೊಬ್ಬು ಒಂಚೂರು ಕರಗಿದ್ದರೂ ಕಾಟಾ ತೋರಿಸೋಲ್ಲ. ಇಷ್ಟೂ ನಿಜ. ಇಷ್ಟರಿಂದ ಇಳಿಕೆ ನಿಧಾನ ಆಗುತ್ತೆ. ವಾರಗಟ್ಟಲೆ ಪೂರಾ ನಿಂತುಹೋಗೋಲ್ಲ."

"ನಾನು ತಿನ್ನೋದು 800 ಕಣಮ್ಮ. ಪುಸ್ತಕ ನೋಡು ಬೇಕಾದರೆ."

ಅವಳು ಪುಸ್ತಕ ನೋಡಲಿಲ್ಲ. ಬ್ರಿಟನ್ನಿನಲ್ಲಿ ಸಕ್ಕರೆ ಕಾಯಿಲೆಯವರಿಗೆ ಡಾಕ್ಟರ ನಿಗಾದಲ್ಲಿ ತಿಂಗಳುಗಟ್ಟಲೆ ದಿನಕ್ಕೆ ಎಂಟುನೂರು ಚಿಲ್ಲರೆ ಕ್ಯಾಲೊರಿ ಮಾತ್ರ ಕೊಟ್ಟರು, ಊಟದ ಬದಲು ಅಳತೆ ಮಾಡಿದ ಪುಡಿಯ ಪಾನೀಯ. 2017ರಲ್ಲಿ ಫಲಿತಾಂಶ ಹೊರಬಂತು: ಒಂದು ವರ್ಷಕ್ಕೆ ಸರಾಸರಿ ಹತ್ತು ಕೆ.ಜಿ. ಇಳಿದಿತ್ತು, ಹತ್ತಿರ ಹತ್ತಿರ ಅರ್ಧದಷ್ಟು ಜನ ಮಧುಮೇಹದ ಹಿಡಿತದಿಂದಲೇ ಆಚೆ ಬಂದಿದ್ದರು. ನಿಜವಾದ 800ಕ್ಕೆ ತೂಕ ನಿಲ್ಲುವುದಿಲ್ಲ, ಡಾಕ್ಟರ ನಿಗಾ ಇಲ್ಲದೆ ಅದಕ್ಕೆ ಕೈಹಾಕುವುದೂ ಒಳ್ಳೆಯದಲ್ಲ ಎಂದಳು. ಆಮೇಲೆ ನ್ಯೂಯಾರ್ಕಿನ ಕಥೆ. 1200ಕ್ಕಿಂತ ಕಡಿಮೆ ತಿಂದರೂ ಇಳಿಯುವುದಿಲ್ಲ ಎಂದು ಹಟಹಿಡಿದವರನ್ನು ಪರೀಕ್ಷಿಸಿ 1992ರಲ್ಲಿ ಪ್ರಕಟಿಸಿದ್ದರು. ಅವರ ದೇಹದ ಖರ್ಚಿನಲ್ಲಿ ಏನೂ ಕೊರತೆ ಸಿಗಲಿಲ್ಲ. ಅವರು ಬರೆದುಕೊಟ್ಟದ್ದು ಸುಮಾರು ಸಾವಿರ, ತಿನ್ನುತ್ತಿದ್ದದ್ದು ಸುಮಾರು ಎರಡು ಸಾವಿರ. ವ್ಯಾಯಾಮವನ್ನು ಮಾತ್ರ ಒಂದೂವರೆಪಟ್ಟು ಬರೆದಿದ್ದರು.

"ಅವರು ತಿಂದದ್ದನ್ನು ಹಿಡಿದದ್ದು ಹೇಗೆ?" ಶಾಮಣ್ಣನವರ ಧ್ವನಿಯಲ್ಲಿ ಮೊದಲ ಸಲ ಗೌರವ ಕಾಣಿಸಿತು.

"ಗುರುತು ಹಾಕಿದ ನೀರು ಕುಡಿಸಿ, ಆಮೇಲೆ ಮೂತ್ರದಲ್ಲಿ ಅಳೆದರು. ಜಲಜನಕ, ಆಮ್ಲಜನಕದ ವಿಶೇಷ ಪರಮಾಣುಗಳು ಇರುವ ನೀರು. ಅವು ಎಷ್ಟು ಬೇಗ ಖಾಲಿಯಾಗುತ್ತವೆ ಅನ್ನೋದರಿಂದ ದೇಹ ಎಷ್ಟು ಉರಿಸಿತು ಅಂತ ಗೊತ್ತಾಗುತ್ತೆ. ತೂಕ ಇಳಿದಿಲ್ಲ ಅಂದರೆ ತಿಂದದ್ದೂ ಹೆಚ್ಚುಕಡಿಮೆ ಅಷ್ಟೇ."

ಕಕ್ಷಿಗಾರನ ಪುಸ್ತಕವನ್ನು ನಂಬದೆ ನೇರವಾಗಿ ಬ್ಯಾಂಕಿನಿಂದಲೇ ಬಾಕಿ ದೃಢೀಕರಣ ಪತ್ರ ತರಿಸುವ ವಿಧಾನ ಇದು ಎಂದು ಅವರಿಗೆ ತಕ್ಷಣ ತಿಳಿಯಿತು. ಇಷ್ಟು ವರ್ಷ ಬೇರೆಯವರಿಗೆ ಮಾಡಿಕೊಂಡು ಬಂದದ್ದೇ ಅದು. ಸೀಕರಣೆ ಬಟ್ಟಲಲ್ಲಿ ಎರಡು ಚಮಚ ಉಳಿಯಿತು. ಅವರ ಮಟ್ಟಿಗೆ ಅದು ದೊಡ್ಡ ತ್ಯಾಗ.

ಹೋಗುವ ಮುಂಚೆ ಹುಡುಗಿ ಹೊಸ ಮುಂಗಡಪತ್ರ ಹೇಳಿದಳು: ದಿನಕ್ಕೆ 1600, 1700, ಅದರಲ್ಲಿ ಬೇಳೆ, ಮೊಳಕೆಕಾಳು, ಮೊಸರು ಧಾರಾಳ, ವಾರದಲ್ಲಿ ಮೂರು ದಿನ ಒಂದಿಷ್ಟು ಭಾರ ಎತ್ತುವುದು, ತೂಕ ವಾರಕ್ಕೊಂದೇ ಸಲ. ಮತ್ತೆ, ಮೊಮ್ಮಗ ಬಿಟ್ಟ ದೋಸೆಗೂ ನಮೂದು. ಲೆಕ್ಕ ಬರೆಯುವವರು ದೊಡ್ಡಪ್ಪ, ತನಿಖೆ ಮಾಡುವವರು ದೊಡ್ಡಮ್ಮ.

ಅಲ್ಲಿಂದೀಚೆಗೆ ಕಾಲು ಮತ್ತೆ ಅಲ್ಲಾಡತೊಡಗಿದೆ. "ದರಿದ್ರ" ಎನ್ನಲು ಬಾಯಿ ತೆರೆದ ಸರೋಜಮ್ಮ, ನೆನಪಾಗಿ, ಸುಮ್ಮನಾಗುತ್ತಾರೆ. ಮಫ್ಲರು ಬೀರು ಸೇರಿದೆ. ತೂಕ ನಿಧಾನವಾಗಿ, ಸರ್ಕಾರಿ ಕಡತದ ವೇಗದಲ್ಲಿ, ಕೆಳಗೆ ಸರಿಯುತ್ತಿದೆ. ಆದರೆ ತನಿಖೆಯ ಅಧಿಕಾರ ಸಿಕ್ಕಿದ ಹೆಂಗಸು ಸುಮ್ಮನೆ ಕೂರುವವರಲ್ಲ. ರಾತ್ರಿ ಮಲಗುವ ಮುಂಚೆ ಕಡ್ಲೆಕಾಯಿ ಡಬ್ಬಿಯನ್ನು ಅಡುಗೆಮನೆಯ ತಕ್ಕಡಿಯ ಮೇಲಿಟ್ಟು 412 ಎಂದು ಬರೆದುಕೊಂಡರು. ಬೆಳಿಗ್ಗೆ ತೂಗಿದರೆ 355.

"ಐವತ್ತೇಳು ಗ್ರಾಂ ಎಲ್ಲಿ ಹೋಯ್ತು ರೀ?"

ಶಾಮಣ್ಣನವರು ಪೇಪರಿನಿಂದ ತಲೆ ಎತ್ತಲಿಲ್ಲ. "ಇಲಿ ಇರಬೇಕು."

"ತಿಂದಮೇಲೆ ಡಬ್ಬಿಗೆ ಮುಚ್ಚಳ ಹಾಕಿ ತಿರುಗಿಸಿಟ್ಟು ಹೋಗಿದೆಯಲ್ಲ, ಒಳ್ಳೇ ಸಂಸ್ಕಾರವಂತ ಇಲಿ."

ವಾದ ಬೆಳೆಸದೆ ಅವರು ಕೆಂಪು ಪುಸ್ತಕ ತೆರೆದು, ತಾಳೆಯಾಗದ ಬಾಬ್ತುಗಳಿಗೆಂದೇ ಕೊನೆಯಲ್ಲಿ ಬಿಟ್ಟುಕೊಂಡಿದ್ದ ಅನಾಮತ್ತು ಖಾತೆಯ ಪುಟ ತಿರುಗಿಸಿದರು. ತಾರೀಖು ಹಾಕುವ ಜಾಗದಲ್ಲಿ ಕ್ಷಣ ಯೋಚಿಸಿ ಖಾಲಿ ಬಿಟ್ಟರು. "ಇಲಿ, 320 ಕ್ಯಾಲೊರಿ" ಎಂದು ಬರೆದು, ಷರಾ ಕಾಲಮಿನಲ್ಲಿ ದುಂಡಗಿನ ಅಕ್ಷರದಲ್ಲಿ ನಮೂದಿಸಿದರು: "ವಸೂಲಿ ಬಾಕಿ."