ಮೂಲೆ ಸೈಟಿನಲ್ಲಿ ಮನೆ ಕಟ್ಟಿಸುತ್ತಿರುವವರಿಗೆ



ಗುದ್ದಲಿ ಪೂಜೆಯ ದಿನ ನೀವು ಅಷ್ಟು ಸಂಭ್ರಮದಿಂದ ನಕ್ಷೆ ಬಿಡಿಸಿ ತೋರಿಸಿದಿರಿ. ಬೆಂಗಳೂರಿನಲ್ಲಿ ಸ್ವಂತದ್ದೊಂದು ಮೂವತ್ತು-ನಲವತ್ತರ ಸೈಟು, ಅದರಲ್ಲೂ ಮೂಲೆಯದು, ಪಶ್ಚಿಮಕ್ಕೂ ಉತ್ತರಕ್ಕೂ ರಸ್ತೆ. ಸಂಭ್ರಮಪಡುವಂಥದ್ದೇ. ‘ಪ್ರಕೃತಿಗೆ ಹತ್ತಿರವಾದ ಮನೆ ಬೇಕು’ ಎಂದು ನೀವಿಬ್ಬರೂ ಎರಡೆರಡು ಸಲ ಹೇಳಿದಿರಿ. ಆ ಆಸೆ ನಿಜವಾದದ್ದು ಎಂದು ನನಗೆ ಅನುಮಾನವಿಲ್ಲ. ಆದರೆ ನಕ್ಷೆಯ ಜೊತೆಗಿದ್ದ ಸಾಮಾನಿನ ಪಟ್ಟಿ ನೋಡಿದ ಮೇಲೆ ಸುಮ್ಮನಿರಲು ಆಗಲಿಲ್ಲ. ಬಾಲ್ಕನಿಗೆ ಪ್ಲಾಸ್ಟಿಕ್ ಹುಲ್ಲು, ಹಾಲಿನ ಗೋಡೆಗೆ ಕಾಡಿನ ಚಿತ್ರದ ವಾಲ್‌ಪೇಪರ್, ಪಶ್ಚಿಮದ ಮುಖಕ್ಕೆ ಪೂರ್ತಿ ಗಾಜು, ಮನೆಯ ಸುತ್ತ ಗೋಡೆಯಿಂದ ಕಾಂಪೌಂಡಿನವರೆಗೆ ಗ್ರಾನೈಟು, ಅದರ ಮೇಲೆ ಸಾಲಾಗಿ ಕುಂಡಗಳು. ಇದೇ ಆಸೆ ಹೊತ್ತು, ಇದೇ ಪಟ್ಟಿ ಹಿಡಿದು ಪಾಯ ತೆಗೆಸುತ್ತಿರುವವರು ಈ ಊರಿನಲ್ಲಿ ಬೇಕಾದಷ್ಟು ಮಂದಿ ಇರುವುದರಿಂದ ನಿಮಗೆ ಖಾಸಗಿಯಾಗಿ ಹೇಳಬೇಕಾದದ್ದನ್ನು ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ. ಬೇಸರ ಮಾಡಿಕೊಳ್ಳಬೇಡಿ.

ನಾನು ಹೇಳಬೇಕೆಂದಿರುವುದು ಇಷ್ಟೇ. ಮನೆಯೊಳಕ್ಕೆ ತಂದಿಡುವ ಸಾಮಾನಿನಿಂದ ಮನೆಗೂ ಪ್ರಕೃತಿಗೂ ನಂಟು ಬೆಳೆಯುವುದಿಲ್ಲ. ಮಳೆ, ಮಣ್ಣು, ಗಾಳಿ, ಬಿಸಿಲು, ಹುಳಹುಪ್ಪಟೆ ಇವುಗಳಿಗೆ ಮನೆ ಎಷ್ಟು ದಾರಿ ಬಿಡುತ್ತದೆ ಎನ್ನುವುದರಿಂದ ಬೆಳೆಯುತ್ತದೆ. ನಿಮ್ಮ ಪಟ್ಟಿಯಲ್ಲಿರುವುದೆಲ್ಲ ಮೊದಲನೆಯ ಬಗೆಯದು. ಎರಡನೆಯದಕ್ಕೆ ಬೇಕಾದ ದಾರಿಗಳನ್ನು ಅದೇ ನಕ್ಷೆ ಒಂದೊಂದಾಗಿ ಮುಚ್ಚುತ್ತಿದೆ.

ಮಳೆಯಿಂದಲೇ ಶುರುಮಾಡುತ್ತೇನೆ, ಏಕೆಂದರೆ ಎಲ್ಲಕ್ಕಿಂತ ಹೆಚ್ಚು ಸಂಕಟವಾಗುವುದು ಅದನ್ನು ಕಂಡರೆ. ಬೆಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ 970 ಮಿ.ಮೀ. ಆಸುಪಾಸಿನಲ್ಲಿ ಮಳೆಯಾಗುತ್ತದೆ. ನಿಮ್ಮ 1,200 ಚದರಡಿಯ ಮೇಲೆ ಒಂದು ವರ್ಷದಲ್ಲಿ ಬೀಳುವ ನೀರು ಲಕ್ಷ ಲೀಟರಿಗೂ ಮೇಲೆ. 6,000 ಲೀಟರಿನ ಟ್ಯಾಂಕರಿನ ಲೆಕ್ಕದಲ್ಲಿ ಹದಿನೇಳು-ಹದಿನೆಂಟು ಲೋಡು. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ, ಟ್ಯಾಂಕರಿಗಾಗಿ ಜನ ಹಗಲು ರಾತ್ರಿ ಫೋನು ಹಿಡಿದು ಕೂತಿದ್ದನ್ನು ನೀವೂ ನೋಡಿದ್ದೀರಿ. ನಲ್ಲಿಯಲ್ಲಿ ಬರುವ ಕಾವೇರಿಯಾದರೂ ಹತ್ತಿರದ್ದೇ? ಸುಮಾರು 100 ಕಿ.ಮೀ. ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪು ಮಾಡಿ ತರುವ ನೀರು ಅದು. ಇಷ್ಟು ಕಷ್ಟಪಟ್ಟು ನದಿಯನ್ನು ಗುಡ್ಡ ಹತ್ತಿಸುವ ಊರು ತನ್ನ ನೆತ್ತಿಯ ಮೇಲೆ ಬಿದ್ದ ನೀರನ್ನು ಪೈಪಿನಲ್ಲಿ ಹಿಡಿದು ಚರಂಡಿಗೆ ಬಿಡುತ್ತದೆ. ಚರಂಡಿ ರಾಜಕಾಲುವೆಗೆ ಸೇರಿ, ರಾಜಕಾಲುವೆ ಉಕ್ಕಿ ತಗ್ಗಿನ ಬಡಾವಣೆಯವರ ಅಡುಗೆಮನೆಗೆ ನುಗ್ಗುತ್ತದೆ. ನಿಮ್ಮ ತಾರಸಿಯ ಪೈಪು ಎಲ್ಲಿಗೆ ಹೋಗುತ್ತದೆ ಎನ್ನುವುದು ನಿಮ್ಮೊಬ್ಬರ ವಿಷಯವಲ್ಲ.

2009ರಿಂದ ಈ ಊರಿನಲ್ಲಿ 1,200 ಚದರಡಿ ಮತ್ತು ಅದಕ್ಕಿಂತ ದೊಡ್ಡ ಸೈಟಿನ ಹೊಸ ಮನೆಗಳಿಗೆ ಮಳೆನೀರು ಕೊಯ್ಲು ಕಡ್ಡಾಯ. ಕಾನೂನಿಗಾಗಿ ಮಾಡುವವರು ಒಂದು ಡ್ರಮ್ಮು ತಂದು ಜಲ್ಲಿ ತುಂಬಿ, ಫೋಟೋ ತೆಗೆದು ಕೈತೊಳೆದುಕೊಳ್ಳುತ್ತಾರೆ. ನೀವು ಹಾಗೆ ಮಾಡಬೇಡಿ. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯಲ್ಲಿ ವಿಜ್ಞಾನಿಯಾಗಿದ್ದ ಎ.ಆರ್. ಶಿವಕುಮಾರ್ ಅವರು 1990ರ ದಶಕದಲ್ಲಿ ವಿಜಯನಗರದಲ್ಲಿ ಕಟ್ಟಿಸಿದ ಮನೆ ಇದೇ ಊರಿನಲ್ಲಿದೆ. ಮನೆಯ ಹೆಸರು ‘ಸೌರಭ’. ನಲ್ಲಿ ನೀರಿನ ಸಂಪರ್ಕವನ್ನೇ ನೆಚ್ಚಿಕೊಳ್ಳದೆ ಮಳೆನೀರಿನ ಮೇಲೆ ಅವರ ಸಂಸಾರ ವರ್ಷಗಟ್ಟಲೆ ನಡೆದಿದೆ. ಅವರಿಗೆ ಇದ್ದದ್ದೂ ಇದೇ ಆಕಾಶ. ಸಾವಿರ ಚದರಡಿ ತಾರಸಿಯಿಂದ, ಸೋರಿ ಆರಿ ಹೋಗುವುದನ್ನು ಕಳೆದರೂ 70,000 ಲೀಟರ್ ಹಿಡಿಯಬಹುದು. ಸಂಪಿನಲ್ಲಿ ಒಂದು ಭಾಗ ಮಳೆನೀರಿಗೆಂದೇ ಬೇರೆ ಮಾಡಿ. ತಾರಸಿಯ ಇಳಿಜಾರು ಒಂದೇ ಮೂಲೆಗೆ ಬರಲಿ. ಮೊದಲ ಮಳೆಯ ದೂಳು-ಹಿಕ್ಕೆ ಹೊರಗೆ ಹೋಗುವಂತೆ ಒಂದು ತಿರುವು, ಆಮೇಲೊಂದು ಸೋಸುಕ ಇದ್ದರೆ ಸಾಕು. ಸಂಪು ತುಂಬಿ ಮಿಕ್ಕ ನೀರು ಇಂಗುಬಾವಿಗೆ ಹೋಗಲಿ. ಮೂರಡಿ ಅಗಲ, ಇಪ್ಪತ್ತಡಿ ಆಳ, ಒಳಗೆ ಸಿಮೆಂಟಿನ ಬಳೆಗಳು, ಬಳೆಗಳ ನಡುವೆ ಗಾರೆ ಮೆತ್ತದೆ ಬಿಟ್ಟ ಸಂದು, ಬಳೆಯ ಹೊರಗಡೆ ಜಲ್ಲಿ. ಬಾವಿ ತೋಡುವುದನ್ನೇ ತಲೆತಲಾಂತರದ ಕಸುಬಾಗಿ ಉಳಿಸಿಕೊಂಡ ಭೋವಿ ಕುಟುಂಬಗಳು ಬೆಂಗಳೂರಿನ ಸುತ್ತ ಇನ್ನೂ ಇವೆ. ಮಣ್ಣಿನ ಬಣ್ಣ ನೋಡಿ, ಕೈಯಲ್ಲಿ ಹಿಸುಕಿ, ನೀರು ಎಲ್ಲಿ ಇಂಗುತ್ತದೆ ಎಂದು ಹೇಳುವವರು ಅವರು. ಅವರನ್ನು ಕರೆಸಿ. ಒಳ್ಳೆಯ ಕೂಲಿ ಕೊಡಿ.

ಇನ್ನು ಮಣ್ಣು. ನಿಮ್ಮ ಪಾಯದಿಂದ ಅಗೆದ ಕೆಮ್ಮಣ್ಣು ಮೊನ್ನೆಯಿಂದ ಲಾರಿಗಟ್ಟಲೆ ಹೊರಗೆ ಹೋಗುತ್ತಿದೆ. ಮನೆ ಮುಗಿದ ಮೇಲೆ ಇದೇ ಬಣ್ಣದ ಮಣ್ಣನ್ನು ನರ್ಸರಿಯಿಂದ ಚೀಲಕ್ಕಿಷ್ಟು ಎಂದು ದುಡ್ಡು ಕೊಟ್ಟು ಕುಂಡಗಳಿಗೆ ತರಿಸುತ್ತೀರಿ. ದಯವಿಟ್ಟು ಇವತ್ತೇ ಲಾರಿ ನಿಲ್ಲಿಸಿ. ಮೇಲಿನ ಒಂದಡಿ ಮಣ್ಣು ಗಿಡಗಳಿಗೆ ಇರಲಿ. ಅದರ ಕೆಳಗಿನದು ಗೋಡೆಗೆ ಆಗುತ್ತದೆ. ಟಾಟಾ ಇನ್‌ಸ್ಟಿಟ್ಯೂಟ್ ಎಂದು ನಮ್ಮ ಜನ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ ‘ಅಸ್ತ್ರ’ ಎಂಬ ಕೇಂದ್ರ ಶುರುವಾಯಿತು. ಅಲ್ಲಿ ಕೆ.ಎಸ್. ಜಗದೀಶ್ ಮತ್ತು ಅವರ ಜೊತೆಗಾರರು ವರ್ಷಾನುಗಟ್ಟಲೆ ಮಣ್ಣಿನ ಇಟ್ಟಿಗೆಯ ಮೇಲೆ ಕೆಲಸ ಮಾಡಿದರು. ಮಣ್ಣಿಗೆ ಬೇಕಾದಷ್ಟು ಮರಳು ಸೇರಿಸಿ, ನೂರಕ್ಕೆ ಐದರಿಂದ ಎಂಟು ಪಾಲು ಸಿಮೆಂಟು ಬೆರೆಸಿ, ಕೈಯಲ್ಲಿ ನಡೆಸುವ ಯಂತ್ರದಲ್ಲಿ ಒತ್ತಿ, ಕೆಲವು ವಾರ ನೀರುಣಿಸಿದರೆ ಇಟ್ಟಿಗೆ ಸಿದ್ಧ. ಸುಡಬೇಕಾಗಿಲ್ಲ, ಹಾಗಾಗಿ ಸೌದೆಯೂ ಬೇಡ, ಕಲ್ಲಿದ್ದಲೂ ಬೇಡ. ಬೆಂಗಳೂರಿನ ಕೆಮ್ಮಣ್ಣು ಇದಕ್ಕೆ ಹೇಳಿಮಾಡಿಸಿದಂತಿದೆ. ಇಲ್ಲಿ ಈ ಇಟ್ಟಿಗೆಯ ಮನೆಗಳು ಬಹಳ ಇವೆ, ಎರಡು ಮೂರು ಅಂತಸ್ತಿನವೂ ಇವೆ, ಮಳೆಗೆ ಕರಗಿಲ್ಲ. ನಿಮ್ಮ ಮೇಸ್ತ್ರಿ ‘ಮಣ್ಣಿನ ಗೋಡೆ ನಿಲ್ಲೋದಿಲ್ಲ’ ಎಂದರೆ ಅವರನ್ನೇ ಕರೆದುಕೊಂಡು ಹೋಗಿ ಅಂಥದ್ದೊಂದು ಮನೆ ತೋರಿಸಿ. ಒಳಗಡೆ ಪ್ಲಾಸ್ಟರು, ಪುಟ್ಟಿ, ಪೇಂಟು ಬೇಕಿಲ್ಲ. ಕಾಡಿನ ಚಿತ್ರದ ವಾಲ್‌ಪೇಪರಿಗೆ ಇಟ್ಟಿರುವ ದುಡ್ಡು ಹೀಗೆ ಉಳಿಯುತ್ತದೆ.

ಸುಟ್ಟ ಇಟ್ಟಿಗೆಯೇ ಬೇಕೆಂದಾದರೆ ಲಾರಿ ಬೇಕರ್ ಕೇರಳದಲ್ಲಿ ಬಳಕೆಗೆ ತಂದ ಕ್ರಮವಿದೆ. ಇಟ್ಟಿಗೆಯನ್ನು ಮಗ್ಗುಲಾಗಿ ನಿಲ್ಲಿಸಿ ನಡುವೆ ಪೊಳ್ಳು ಬಿಟ್ಟು ಕಟ್ಟುವುದು. ಇಟ್ಟಿಗೆ ಕಾಲು ಭಾಗದಷ್ಟು ಉಳಿಯುತ್ತದೆ, ಒಳಗಿನ ಗಾಳಿಯ ಪದರ ಬಿಸಿಲ ಕಾವನ್ನು ತಡೆಯುತ್ತದೆ. ಕಿಂಡಿ ಗೋಡೆಯೂ ಅವರ ಕೈಯಲ್ಲಿ ಚೆಂದವಾಗಿ ಮರುಹುಟ್ಟು ಪಡೆಯಿತು. ಬೆಳಕು ಬರುತ್ತದೆ, ಗಾಳಿ ಆಡುತ್ತದೆ, ಬೀದಿಯಲ್ಲಿ ಹೋಗುವವರ ಕಣ್ಣು ಒಳಗೆ ಬೀಳುವುದಿಲ್ಲ.

ಪಶ್ಚಿಮದ ಗಾಜಿನ ಬಗ್ಗೆ ನಿಷ್ಠುರವಾಗಿಯೇ ಹೇಳುತ್ತೇನೆ, ಅದನ್ನು ಕೈಬಿಡಿ. ಏಪ್ರಿಲ್ ತಿಂಗಳಲ್ಲಿ ಮಧ್ಯಾಹ್ನ ಮೂರರಿಂದ ಆರರವರೆಗೆ ಸೂರ್ಯ ತಗ್ಗುತ್ತಾ ಬಂದು ನೇರ ಒಳಗೆ ಹೊಡೆಯುತ್ತಾನೆ. ಸಜ್ಜಾ ಎಷ್ಟು ಮುಂದೆ ಚಾಚಿದರೂ ಆ ಬಿಸಿಲನ್ನು ತಡೆಯಲಾರದು. ಆಗ ಪರದೆ ಎಳೆದು, ಏಸಿ ಹಾಕಿ, ದೀಪ ಹೊತ್ತಿಸಿ ಕೂರಬೇಕು. ಪ್ರಕೃತಿಯನ್ನು ನೋಡಲೆಂದು ಹಾಕಿಸಿದ ಗಾಜಿಗೆ ಕತ್ತಲೆ ಕಟ್ಟಿದಂತಾಗುತ್ತದೆ. ಗಾಜು ಉತ್ತರಕ್ಕೆ ಹೋಗಲಿ, ಅಲ್ಲಿ ದಿನವಿಡೀ ತಂಪಾದ ಬೆಳಕು ಸಿಗುತ್ತದೆ. ಪಶ್ಚಿಮಕ್ಕೆ ಕಿಂಡಿ ಗೋಡೆ, ಅದರಾಚೆ ರಸ್ತೆಯ ಅಂಚಿನಲ್ಲಿ ಒಂದು ಹೊಂಗೆ. ಶಿವರಾತ್ರಿಯ ಆಚೀಚೆ ಎಲೆ ಉದುರಿಸಿ, ಬಿಸಿಲು ಕಾಯುವ ಹೊತ್ತಿಗೆ ಹೊಸ ಚಿಗುರು ಹೊದ್ದು ನಿಲ್ಲುವ ಮರ ಅದು. ಮಳೆಗಾಲದ ಗಾಳಿ ಈ ಊರಿಗೆ ಪಶ್ಚಿಮ, ನೈರುತ್ಯದಿಂದ ಬರುತ್ತದೆ, ಚಳಿಗಾಲದ್ದು ಪೂರ್ವದಿಂದ. ಎದುರು ಬದುರು ಕಿಟಕಿ ಇಟ್ಟು, ಮೆಟ್ಟಿಲ ಮೇಲ್ಗಡೆ ಬಿಸಿಗಾಳಿ ಹೊರಹೋಗಲು ವೆಂಟಿಲೇಟರ್ ಕೊಟ್ಟರೆ, ಬೇಸಿಗೆಯಲ್ಲೂ ಬೆಂಗಳೂರಿನ ರಾತ್ರಿಗಳು ಮನೆಯನ್ನು ತಾವೇ ತಣಿಸುತ್ತವೆ. ಮಲೆನಾಡಿನ ತೊಟ್ಟಿಮನೆಗಳಲ್ಲಿ ನಡುಮನೆಯ ಆಕಾಶ ಮಾಡುತ್ತಿದ್ದ ಕೆಲಸವೂ ಇದೇ.

ಕುಂಡದ ಗಿಡಗಳು ಗಾಳಿ ಶುದ್ಧ ಮಾಡುತ್ತವೆ ಎಂದು ಅಂಗಡಿಯವರು ನಿಮಗೆ ಹೇಳಿದರಂತೆ. ಆ ಮಾತು ಹೆಚ್ಚಾಗಿ 1989ರಲ್ಲಿ ನಾಸಾದ ಬಿ.ಸಿ. ವೊಲ್ವರ್ಟನ್ ನಡೆಸಿದ ಪ್ರಯೋಗವನ್ನು ನೆಚ್ಚಿಕೊಂಡದ್ದು. ಪ್ರಯೋಗ ನಡೆದದ್ದು ಗಾಳಿಯಾಡದ ಮುಚ್ಚಿದ ಪೆಟ್ಟಿಗೆಗಳಲ್ಲಿ. 2019ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು ಇಂಥ ಪ್ರಯೋಗಗಳನ್ನೆಲ್ಲ ಒಟ್ಟಿಗಿಟ್ಟು ಲೆಕ್ಕ ಹಾಕಿದರು. ಮನೆಯ ಸಹಜ ಗಾಳಿಯಾಟ ಮಾಡುವಷ್ಟು ಕೆಲಸವನ್ನು ಗಿಡಗಳು ಮಾಡಬೇಕಾದರೆ ಪ್ರತಿ ಚದರ ಮೀಟರಿಗೆ ಹತ್ತರಿಂದ ಸಾವಿರ ಗಿಡ ಬೇಕಾಗುತ್ತವೆ ಎಂದು ಕಂಡುಬಂತು. ಅಂದರೆ ಗಾಳಿಗಾಗಿ ಕಿಟಕಿ ತೆರೆಯುವುದೇ ದಾರಿ. ಕಿಟಕಿಯಾಚೆ ಹಸಿರಿದ್ದರಂತೂ ಮನುಷ್ಯನಿಗೆ ಬೇರೆಯದೇ ಉಪಕಾರವಿದೆ. 1984ರಲ್ಲಿ ರೋಜರ್ ಉಲ್ರಿಚ್ ಪ್ರಕಟಿಸಿದ ಅಧ್ಯಯನವೊಂದಿದೆ. ಪೆನ್ಸಿಲ್ವೇನಿಯಾದ ಆಸ್ಪತ್ರೆಯೊಂದರಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದವರಲ್ಲಿ, ಕಿಟಕಿಯಿಂದ ಮರ ಕಾಣುತ್ತಿದ್ದವರು ಇಟ್ಟಿಗೆ ಗೋಡೆ ಮಾತ್ರ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಹೋದರು, ಅವರಿಗೆ ಬಲವಾದ ನೋವಿನ ಔಷಧಿಯೂ ಕಡಿಮೆ ಬೇಕಾಯಿತು. ನಿಮ್ಮ ಅತ್ತೆಯವರ ಮಂಚ ಎಲ್ಲಿ ಹಾಕಿಸುತ್ತೀರಿ ಎಂದು ನಿರ್ಧರಿಸುವಾಗ ಇದನ್ನು ನೆನೆಸಿಕೊಳ್ಳಿ.

ಹುಳಹುಪ್ಪಟೆಯ ಮಾತು ಬಂದಾಗ ನೀವು ಮುಖ ಕಿವಿಚಿದ್ದು ನೋಡಿದೆ. ಸೊಳ್ಳೆಗೆ ಜಾಲರಿ ಹಾಕಿಸಿ, ಸಂಪಿಗೂ ಇಂಗುಬಾವಿಗೂ ಬಿಗಿಯಾದ ಮುಚ್ಚಳ ಇಡಿ. ಅದರಲ್ಲಿ ರಾಜಿ ಬೇಡ. ಆದರೆ ಹಿತ್ತಲಲ್ಲಿ ಕರಿಬೇವಿನ ಎಲೆ ತಿನ್ನುವ ಹುಳಕ್ಕೆ ಔಷಧಿ ಹೊಡೆಯಬೇಡಿ. ಮೊದಲು ಹಕ್ಕಿಯ ಹಿಕ್ಕೆಯಂತೆ ಕಂಡು, ಆಮೇಲೆ ಹಸಿರಾಗಿ, ಕೊನೆಗೆ ರೆಕ್ಕೆ ಬಿಚ್ಚುವ ಚಿಟ್ಟೆಗಳ ಮರಿ ಅದು. ಕರಿಬೇವು, ನಿಂಬೆಯಂಥ ಗಿಡಗಳಿಲ್ಲದಿದ್ದರೆ ಅವಕ್ಕೆ ಮೊಟ್ಟೆಯಿಡಲು ಜಾಗವಿಲ್ಲ. ನಾಲ್ಕು ಎಲೆ ಕೊಟ್ಟರೆ ಒಗ್ಗರಣೆಗೆ ಕೊರತೆಯಾಗುವುದಿಲ್ಲ. ದಾಸವಾಳ, ನಂದಿಬಟ್ಟಲು, ಒಂದು ಪಾರಿಜಾತ ನೆಲದಲ್ಲೇ ಬೇರೂರಲಿ. ಬಿದ್ದ ಎಲೆಯನ್ನು ಕಸದ ಗಾಡಿಗೆ ಕೊಡದೆ ಗಿಡದ ಬುಡಕ್ಕೇ ಹಾಕಿ. ಅಡುಗೆಮನೆಯ ಸಿಪ್ಪೆಯೂ ಅಲ್ಲೇ ಗೊಬ್ಬರವಾಗಲಿ. ಈ ಊರಿನ ಕಸವನ್ನು ವರ್ಷಗಟ್ಟಲೆ ಮಾವಳ್ಳಿಪುರ, ಮಂಡೂರಿನ ಜನರ ಹೊಲದ ಪಕ್ಕ ಸುರಿದೆವು. 2012ರಲ್ಲಿ ಅವರು ಎದ್ದು ನಿಂತ ಮೇಲೆಯೇ ನಮಗೆ ಹಸಿಕಸ-ಒಣಕಸ ಬೇರೆ ಮಾಡಬೇಕು ಎನ್ನುವುದು ಹೊಳೆದದ್ದು. ನಮ್ಮ ಹಿತ್ತಲಲ್ಲಿ ಕರಗಬಹುದಾದ ಕಸವನ್ನು ಅವರ ಬಾವಿಯ ಪಕ್ಕಕ್ಕೆ ಕಳಿಸುವುದು ತಪ್ಪು. ಇದರಲ್ಲಿ ನನಗೆ ಎರಡನೆಯ ಮಾತಿಲ್ಲ. ಬಟ್ಟೆ ಒಗೆದ ನೀರು, ಸ್ನಾನದ ನೀರು ಬಾಳೆ, ಕೆಸುವಿನ ಪಾತಿಗೆ ಹರಿಯುವಂತೆ ಈಗಲೇ ಒಂದು ಬೇರೆ ಪೈಪು ಬಿಡಿಸಿ. ನೆಲ ಹಾಕಿದ ಮೇಲೆ ಒಡೆಸುವುದು ದುಬಾರಿ.

ಇದೆಲ್ಲಕ್ಕೂ ಜಾಗವೆಲ್ಲಿ ಎಂದು ನೀವು ಕೇಳುತ್ತೀರಿ. ನಕ್ಷೆ ಮಂಜೂರಾಗುವಾಗ ಮನೆಯ ಸುತ್ತ ಬಿಟ್ಟಿರಲೇಬೇಕಾದ ಜಾಗ ಇದೆಯಲ್ಲ, ಅದೇ ಸಾಕು. ಅದನ್ನು ಕಟ್ಟಡಕ್ಕೆ ಸೇರಿಸಿಕೊಳ್ಳಬೇಡಿ, ಗ್ರಾನೈಟಿನಿಂದ ಮುಚ್ಚಬೇಡಿ. ಮಕ್ಕಳು ಬಿದ್ದರೆ ಪೆಟ್ಟಾಗದಿರಲಿ ಎಂದು ಬಾಲ್ಕನಿಗೆ ಪ್ಲಾಸ್ಟಿಕ್ ಹುಲ್ಲು ಆರಿಸಿದಿರಿ. ಮಧ್ಯಾಹ್ನದ ಬಿಸಿಲಿಗೆ ಅದರ ಮೇಲೆ ಬರಿಗಾಲಿಡಲಾಗುವುದಿಲ್ಲ, ಕೆಲವು ವರ್ಷಕ್ಕೆ ಅದು ಚೂರುಚೂರಾಗಿ ಉದುರಿ ಮೋರಿಗೆ ಸೇರುತ್ತದೆ. ಮಕ್ಕಳು ಕೆಳಗೆ ಈ ಜಾಗದಲ್ಲೇ ಆಡಲಿ, ಬರಿಯ ಮಣ್ಣು, ಗರಿಕೆ ಅದಕ್ಕಿಂತ ಮೆತ್ತಗಿವೆ.

ಕಾರಿನ ಚಿಂತೆಯೂ ಇದೆ ಎಂದು ಗೊತ್ತು. ಕಾರು ನಿಲ್ಲುವುದು ನಾಲ್ಕು ಚಕ್ರಗಳ ಮೇಲೆ. ಚಕ್ರ ಹರಿಯುವ ಕಡೆ ಎರಡು ಸಾಲು ಚಪ್ಪಡಿ ಕಲ್ಲು ಹಾಸಿ, ನಡುವಿನದನ್ನು ಗರಿಕೆಗೆ ಬಿಡಿ. ಸುತ್ತ ಕಾಂಕ್ರೀಟು ಹಾಕಲು ಸೋಮವಾರ ಮಿಕ್ಸರ್ ಬರುತ್ತದೆ ಎಂದು ನಿಮ್ಮ ಮೇಸ್ತ್ರಿ ಹೇಳುತ್ತಿದ್ದರು. ಭಾನುವಾರ ಸಂಜೆ ನಾನು ಮನೆಯಲ್ಲೇ ಇರುತ್ತೇನೆ. ಬನ್ನಿ, ನಕ್ಷೆಯನ್ನೂ ತನ್ನಿ, ಇಂಗುಬಾವಿ ಎಲ್ಲಿ ಬರಬೇಕೆಂದು ಗುರುತು ಹಾಕೋಣ.

ಇಂತಿ,
ನಿಮ್ಮ ಎದುರು ಸಾಲಿನವರು