ಬೆಂಚು ತಲುಪಿತು

ನಮ್ಮೂರ ಕೆರೆಯಂಚಿನ ಲೇಔಟಿನ ಮಾಲೀಕರಿಗೆ,

ನೀವು ದಾನ ಕೊಟ್ಟ ಸಿಮೆಂಟು ಬೆಂಚು ಬಂದು ತಲುಪಿತು. ಬೆನ್ನು ಆನಿಸುವಲ್ಲಿ ನಿಮ್ಮ ಹೆಸರು, ಕೂರುವಲ್ಲಿ ಕಂಪನಿಯ ಹೆಸರು, ಕಾಲಿನ ಮೇಲೆ ಫೋನ್ ನಂಬರು. ಹೇಗೆ ಕೂತರೂ ನಿಮ್ಮ ಮೇಲೆಯೇ ಕೂರಬೇಕು. ಆ ಭಾಗ್ಯಕ್ಕೆ ಊರವರೆಲ್ಲ ಋಣಿಗಳು.

ದಾನ ಘೋಷಿಸಿದ ದಿನ ಮೈಕ್ ಹಿಡಿದು, ಊರಿನಿಂದ ಪಡೆದದ್ದನ್ನು ಊರಿಗೆ ಮರಳಿ ಕೊಡಬೇಕು ಎಂದಿರಿ. ಮುಂದಿನ ಸಾಲಿನಲ್ಲಿದ್ದ ಅಜ್ಜನೊಬ್ಬ ಅದನ್ನು ನಿಜವೆಂದೇ ನಂಬಿ, ಪಡೆದದ್ದು ಏನೇನು ಅಂತ ಬೆರಳು ಮಡಿಸತೊಡಗಿದ. ಗುಂಡುತೋಪು, ಗೋಮಾಳದ ಮೂಲೆ, ಬಂಡಿಜಾಡು, ಕೆರೆಯ ಕರಾಬು, ರಾಜಕಾಲುವೆ. ಎಡಗೈ ಮುಗಿದು ಬಲಗೈಗೆ ಹೋಗುವಷ್ಟರಲ್ಲಿ ಆರ್ಕೆಸ್ಟ್ರಾ ಶುರುವಾಯಿತು. ಬಚಾವಾದಿರಿ.

ಆ ರಾಜಕಾಲುವೆಯ ವಿಷಯ. ನಿಮ್ಮ ಸ್ಕೆಚ್ಚಿನಲ್ಲಿ ಅದು ನಲವತ್ತಡಿ ರಸ್ತೆ. ಗ್ರಾಮನಕ್ಷೆಯಲ್ಲಿ, ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ನೀರು ಇಳಿಯುವ ದಾರಿ. ಬೆಂಗಳೂರಿನ ಕೆರೆಗಳು ಹೀಗೆ ಒಂದರ ಕೈ ಒಂದು ಹಿಡಿದು ನಿಂತಿದ್ದವು. ನಡುವಿನ ಕೈ ಬಿಡಿಸಿದರೆ ನೀರು ಬಿಡಿಎ ಆಫೀಸಿಗೆ ಅರ್ಜಿ ಹಾಕುವುದಿಲ್ಲ, ಸಿಕ್ಕ ಮನೆಗೆ ನುಗ್ಗುತ್ತದೆ. 2022ರ ಸೆಪ್ಟೆಂಬರಿನಲ್ಲಿ ಔಟರ್ ರಿಂಗ್ ರೋಡಿನ ಆಸುಪಾಸಿನ ಕೋಟಿಗಟ್ಟಲೆ ಬೆಲೆಯ ವಿಲ್ಲಾಗಳವರು ಟ್ರ್ಯಾಕ್ಟರ್ ಏರಿ ಹೊರಬಂದರಲ್ಲ, ಆಗ ನಮ್ಮ ರೈತರಿಗೆ ತಮ್ಮ ವಾಹನದ ಮೇಲೆ ಇದ್ದಕ್ಕಿದ್ದಂತೆ ಗೌರವ ಹುಟ್ಟಿತು. ಇದನ್ನೂ ನಿಮ್ಮ ಬಿರಾದರಿಯ ಸಮಾಜಸೇವೆಯ ಲೆಕ್ಕಕ್ಕೇ ಬರೆದುಕೊಳ್ಳಿ.

ಕಾನೂನು ಮೀರಿದಿರಿ ಅಂತ ನಾವು ಹೇಳುತ್ತಿಲ್ಲ. ಕೆರೆಯಿಂದ 75 ಮೀಟರ್ ದೂರವಿರಿ ಎಂದು ಹಸಿರು ನ್ಯಾಯಮಂಡಳಿ 2016ರಲ್ಲಿ ಹೇಳಿತ್ತು. 2019ರಲ್ಲಿ ಸುಪ್ರೀಂ ಕೋರ್ಟು ಅದನ್ನು ರದ್ದು ಮಾಡಿದ ಮೇಲೆ ಹಳೆಯ 30 ಮೀಟರೇ ಉಳಿಯಿತು. ಆ ಮೂವತ್ತನ್ನು ನೀವು ಒಂದಿಂಚೂ ತಪ್ಪದೆ ಅಳೆದಿದ್ದೀರಿ. ಟೇಪನ್ನು ನೀರಿನ ಕಡೆಗೆ ಹಿಡಿದಿರಿ, ಅಷ್ಟೇ.

ನಿಮ್ಮೊಬ್ಬರನ್ನೇ ದೂರುವುದೂ ಅನ್ಯಾಯ. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ಕಿನ ಬಸ್ ನಿಲ್ದಾಣವಾದಾಗ, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾದಾಗ ನೀವಿನ್ನೂ ಅಡ್ವಾನ್ಸ್ ಇಸಕೊಳ್ಳುವ ವಯಸ್ಸಿಗೆ ಬಂದಿರಲಿಲ್ಲ. ವಿದ್ಯೆ ಕಲಿಸಿದ ಗುರು ಸರ್ಕಾರವೇ.

ದೊಡ್ಡ ಕಂಪನಿಗಳು ಲಾಭದಲ್ಲಿ ಶೇ. 2ರಷ್ಟು ಸಮಾಜಕ್ಕೆ ಖರ್ಚು ಮಾಡಬೇಕೆಂದು 2013ರ ಕಂಪನಿ ಕಾಯ್ದೆ ಹೇಳುತ್ತದೆ. ಅದು ನಿಮಗೆ ಅನ್ವಯಿಸುವುದಿಲ್ಲವಂತೆ. ಲೆಕ್ಕದ ಪುಸ್ತಕದಲ್ಲಿ ನಿಮಗೆ ಲಾಭವೇ ಇಲ್ಲ. ಪಾಪ, ನಷ್ಟದಲ್ಲಿದ್ದೂ ಬೆಂಚು ಕೊಟ್ಟಿದ್ದೀರಿ.

ಈಗ ಸಣ್ಣದೊಂದು ತೊಡಕು. ಬೆಂಚಿನ ಜೊತೆಗೆ ಬಂದ ಚೀಟಿಯಲ್ಲಿ "ಪಾರ್ಕಿನಲ್ಲಿ ಇಡತಕ್ಕದ್ದು" ಎಂದಿದೆ. ಬ್ರೋಷರಿನಲ್ಲಿ ಹಸಿರು ಬಣ್ಣ ಬಳಿದಿದ್ದ ಆ ಪಾರ್ಕಿನಲ್ಲಿ ಈಗ ಮೂರು ಸೈಟುಗಳಿವೆ, ಒಂದು ಕಾರ್ನರು, ಪೂರ್ವಕ್ಕೆ ಬಾಗಿಲು. ಗೃಹಪ್ರವೇಶದ ಊಟಕ್ಕೆ ನಾವೂ ಹೋಗಿದ್ದೆವು, ಒಬ್ಬಟ್ಟು ಚೆನ್ನಾಗಿತ್ತು. ಹಾಗಾಗಿ ಬೆಂಚು ಹಾಲಿನ ಡೇರಿಯ ಮುಂದೆ ಕಾಲು ಮೇಲೆ ಮಾಡಿ ಮಲಗಿದೆ.

ಬಿಡುವಾದಾಗ ಬಂದು ಜಾಗ ತೋರಿಸಿ. ಬರುವಾಗ ಮಂಜೂರಾತಿಗೆ ಕೊಟ್ಟ ಸ್ಕೆಚ್ಚು, ನಮಗೆ ಕೊಟ್ಟ ಸ್ಕೆಚ್ಚು, ಎರಡನ್ನೂ ತನ್ನಿ. ಟ್ರ್ಯಾಕ್ಟರ್ ಕಳಿಸಬೇಕಿದ್ದರೆ ಮೊದಲೇ ಫೋನ್ ಮಾಡಿ, ಮೋಡ ಕಟ್ಟಿದೆ.

ಇತಿ,
ಬೆಂಚಿನ ಫಲಾನುಭವಿಗಳು